ಅಳುವುದಕ್ಕೊಬ್ಬ ಮಾಸ್ತರ

ನನ್ನ ಗಂಡನ ಊರಿನ ಕ್ರೈಸ್ತರು ವರ್ಷಕ್ಕೆ ನಲವತ್ತು ದಿನ ಅಳುತ್ತಿದ್ದರು. ಉಳಿದ ದಿನ ಒಬ್ಬರನ್ನೊಬ್ಬರು ಅಳಿಸುತ್ತಿದ್ದರು. ಮಿಶ್ರಿಕೋಟಿಯಿಂದ ಒಳಗಿರುವ ಆ ಹಳ್ಳಿಗೆ ನಾನು ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಹತ್ತಾರು ಕ್ರೈಸ್ತ ಮನೆಗಳು, ಹೆಂಚು ಹೊದಿಸಿದ ಒಂದು ಸಣ್ಣ ಚರ್ಚು, ಊರ ಹೊರಗೆ ಜಾಲಿಮುಳ್ಳಿನ ಬೇಲಿ ಹಾಕಿದ ಒಂದು ಸಮಾಧಿ ಜಾಗ. ಸಭೆ ಎಂದರೆ ಇಷ್ಟೇ. ಪಾದ್ರಿಗಳು ಪೇಟೆಯಿಂದ ತಿಂಗಳಿಗೊಮ್ಮೆ ಲೂನಾ ಮೇಲೆ ಬಂದು, ಆಶೀರ್ವಾದ ಮಾಡಿ, ಕೋಳಿ ಉಂಡು ಹೋಗುತ್ತಿದ್ದರು. ಮಿಕ್ಕ ದಿನಗಳಲ್ಲಿ ದೇವರ ಪರವಾಗಿ ನಮ್ಮನ್ನು ಆಳುತ್ತಿದ್ದವನು ಸಭೆಯ ಹಿರಿಯ. ಶಾಲೆಯಿಂದ ನಿವೃತ್ತನಾದ ಮಾಸ್ತರ. ಎದುರಿಗೆ ನಾನೂ ಎಲ್ಲರಂತೆ ‘ರೀ’ ಹಚ್ಚಿಯೇ ಮಾತಾಡುತ್ತಿದ್ದೆ. ಬರೆಯುವಾಗ ಆ ಕಷ್ಟ ಯಾಕೆ?

ಬೂದಿ ಬುಧವಾರ ಬಂದು ಈಸ್ಟರಿಗೆ ಮುಂಚಿನ ನಲವತ್ತು ತಪಸ್ಸಿನ ದಿನಗಳು ಶುರುವಾದವೆಂದರೆ ಮಾಸ್ತರನ ಹೆಗಲಿಗೆ ಒಂದು ಬಿಳಿ ಟವೆಲ್ಲು ಏರುತ್ತಿತ್ತು. ಬೆವರಿಗಲ್ಲ, ಕಣ್ಣೀರಿಗೆ. ದಿನಾ ಸಂಜೆ ಒಂದೊಂದು ಮನೆಯಲ್ಲಿ ಪ್ರಾರ್ಥನೆ. ಅವನು ಕಣ್ಣು ಮುಚ್ಚಿ “ನಾವು ಪಾಪಿಗಳು ಸ್ವಾಮಿ” ಎಂದು ಶುರು ಮಾಡುತ್ತಿದ್ದ. ಆ ‘ನಾವು’ ಎನ್ನುವುದರಲ್ಲಿ ಅವನೊಬ್ಬನನ್ನು ಬಿಟ್ಟು ಎಲ್ಲರೂ ಇದ್ದರು. ಯಾರ ಪಾಪ ಹೇಳುತ್ತಿದ್ದಾನೆಂಬುದು ತಿಳಿಯಲಿ ಎಂದು ನಡುವೆ ಒಂದು ಕಣ್ಣು ತೆರೆದು ಅವರ ಕಡೆ ನೋಡುತ್ತಿದ್ದ. ಗಂಟಲು ಕಟ್ಟುತ್ತಿತ್ತು, ಮೂಗು ಸುರಿಯುತ್ತಿತ್ತು, ಟವೆಲ್ಲು ಕೆಳಗಿಳಿಯುತ್ತಿತ್ತು. ಆಮೆನ್ ಅಂದ ಕೂಡಲೆ ದನಿ ಸರಿಹೋಗಿ, “ಚಹಾಕ್ಕ ಸಕ್ರಿ ಕಡಿಮಿ ಆಗೇತೆಲ್ಲಬೇ ತಂಗಿ” ಎನ್ನುತ್ತಿದ್ದ. ಆ ದಿನಗಳಲ್ಲಿ ಮಾಂಸ ನಿಷಿದ್ಧ. ಆದರೆ ಎರಡನೆಯ ವಾರದಿಂದಲೇ ಈಸ್ಟರಿಗೆ ಯಾರ ಮನೆಯ ಹೋತ ಕೊಯ್ಯಬೇಕೆಂಬ ಚರ್ಚೆ ಭಕ್ತಿಯಿಂದ ನಡೆಯುತ್ತಿತ್ತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ನನ್ನ ಗಂಡ ಈ ಪ್ರಾರ್ಥನೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಚಾಪೆಯ ಕಡ್ಡಿ ಕೀಳುತ್ತಿದ್ದರು. ಬಾಯಿ ಇಲ್ಲದ ಮನುಷ್ಯ. ಮದುವೆಯಾದ ಹೊಸದರಲ್ಲಿ ಅದನ್ನು ಸಭ್ಯತೆ ಅಂದುಕೊಂಡಿದ್ದೆ. ಆಮೇಲೆ ಅಂಜುಬುರುಕತನ ಎಂಬ ಸರಿಯಾದ ಹೆಸರು ಇಟ್ಟೆ.

ಸ್ವಾಮಿ ಶಿಲುಬೆಯ ಮೇಲೆ ಸತ್ತ ದಿನ, ಶುಭ ಶುಕ್ರವಾರದ ಮಧ್ಯಾಹ್ನ ಮಾತ್ರ ಅಳು ಮಾಸ್ತರನ ಕೈಯಿಂದ ತಪ್ಪಿ ಹೆಂಗಸರ ಕೈಗೆ ಬರುತ್ತಿತ್ತು. ಆ ಕಡೆ ಯಾರು ಸತ್ತರೂ ಹೆಂಗಸರು ಹೆಣದ ಸುತ್ತ ಕೂತು ಹಾಡಿಕೊಂಡು ಅಳುತ್ತಾರೆ. ಸತ್ತವನು ಏನು ಉಣ್ಣುತ್ತಿದ್ದ, ಏನು ಉಡುತ್ತಿದ್ದ, ಯಾವ ಹಾದಿಯಲ್ಲಿ ಬರುತ್ತಿದ್ದ ಎಂದು ಒಂದೊಂದನ್ನೇ ಹೇಳಿ ಹೇಳಿ ಅಳುತ್ತಾರೆ. ನಮ್ಮ ಸಭೆಯ ಹೆಂಗಸರ ಅಜ್ಜಿಯರು ಕ್ರೈಸ್ತರಾಗುವಾಗ ಕುಂಕುಮ ಬಿಟ್ಟರು, ಹಬ್ಬ ಬಿಟ್ಟರು, ಇದೊಂದನ್ನು ಬಿಡಲಿಲ್ಲ. ಶುಕ್ರವಾರ ಚರ್ಚಿನಲ್ಲಿ ನೆಲದ ಮೇಲೆ ಒಂದು ಬಿಳಿ ಧೋತರ ಹಾಸಿ, ಅದರ ಮೇಲೆ ಮರದ ಶಿಲುಬೆ ಮಲಗಿಸಿ, ಸುತ್ತ ಕೂತು, ಮುಡಿ ಬಿಚ್ಚಿ, ಯೇಸುಸ್ವಾಮಿಯನ್ನು ಮನೆಯ ಮಗನಂತೆ ಹಾಡಿ ಅಳುತ್ತಿದ್ದರು. ನಾನು ಹುಬ್ಬಳ್ಳಿಯವಳು. ನಮ್ಮ ದೊಡ್ಡ ಚರ್ಚಿನಲ್ಲಿ ದುಃಖವನ್ನೂ ಇಸ್ತ್ರಿ ಮಾಡಿಕೊಂಡು ಬರುತ್ತಿದ್ದರು. ಮೊದಲ ವರ್ಷ ಇದನ್ನು ನೋಡಿ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಎಲ್ಲರಿಗಿಂತ ಚೆನ್ನಾಗಿ ಅಳುತ್ತಿದ್ದವಳು ನನ್ನ ಅತ್ತೆ. ಮನೆಯಲ್ಲಿ ಬೆಕ್ಕನ್ನು ಓಡಿಸುವುದಕ್ಕೂ ದನಿ ಏರಿಸದ ಹೆಂಗಸು. ಅಲ್ಲಿ ಕೂತವಳೇ ಎರಡೂ ಕೈಯಿಂದ ಎದೆ ಬಡಿದುಕೊಂಡು ದನಿ ಎತ್ತಿದಳು.

“ಬಿಸಿ ರೊಟ್ಟಿ ಶೇಂಗಾ ಹಿಂಡಿ ಬೇಕಂತಿದ್ದೆಲ್ಲೋ ನನ್ನಪ್ಪಾ, ಇವತ್ತ ನಿನಗ ಯಾರು ಬಡಸ್ಯಾರೋ?”

ಯೇಸುಸ್ವಾಮಿ ಶೇಂಗಾ ಹಿಂಡಿ ತಿಂದದ್ದು ಯಾವ ಸುವಾರ್ತೆಯಲ್ಲಿ? ನಾನು ಸಂಡೇ ಸ್ಕೂಲಿನಲ್ಲಿ ನಾಲ್ಕನ್ನೂ ಓದಿದವಳು. ನಗು ಇನ್ನೂ ಹೆಚ್ಚಾಯಿತು. ಅಷ್ಟರಲ್ಲಿ ಮುಂದಿನದು ಬಂತು.

“ಮೈ ಕೆರಿತೈತಿ ಅಂತ ಅತ್ತಿದ್ದೆಲ್ಲೋ, ಬೇವಿನ ತೊಪ್ಪಲ ಅರದು ಹಚ್ಚಿದ್ನೆಲ್ಲೋ, ತಣ್ಣನ ನೀರಾಗ ಹ್ಯಾಂಗ ಮಲಗಿದ್ಯೋ ನನ್ನ ಕಂದಾ?”

ಸುತ್ತಲಿನ ಹೆಂಗಸರು ಒಬ್ಬರೂ ತಲೆ ಎತ್ತಲಿಲ್ಲ. ನನ್ನ ನಗು ಎಲ್ಲಿ ಹೋಯಿತೋ ತಿಳಿಯದು. ಯೇಸುಸ್ವಾಮಿ ನೀರಿನ ಮೇಲೆ ನಡೆದವನು, ನೀರಿನಲ್ಲಿ ಮಲಗಿದವನಲ್ಲ.

ಅಂದು ಸಂಜೆ ಗಂಡನಿಗೆ ಊಟಕ್ಕೆ ಬಡಿಸುತ್ತಾ ಕೇಳಿದೆ. “ರೀ, ಸ್ವಾಮಿಗೆ ಇಸಬು ಯಾವಾಗ ಆಗಿತ್ರಿ?”

ಅವರು ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟರು. “ಅದು ನನ್ನ ತಮ್ಮನ ಅಳು” ಎಂದರು.

ತಮ್ಮನೊಬ್ಬ ಇದ್ದ, ಜ್ವರ ಬಂದು ತೀರಿಕೊಂಡ ಎಂದು ಮದುವೆಗೆ ಮುಂಚೆ ಹೇಳಿದ್ದರು. ಜ್ವರ ಅಲ್ಲ. ಆ ಹುಡುಗನಿಗೆ ಮೈತುಂಬ ಇಸಬು. ಮುಲಾಮು ಹಚ್ಚಿದರು, ಸೂಜಿ ಮಾಡಿಸಿದರು, ಹೋಗಲಿಲ್ಲ. ಗೆಳೆಯರ ಜೊತೆ ಯಮನೂರಿಗೆ ಹೋಗಿ ಹಳ್ಳದಲ್ಲಿ ಮಿಂದು, ದರ್ಗಾಕ್ಕೆ ಸಕ್ಕರೆ ಕೊಟ್ಟು ಬಂದ. ಆ ಹಳ್ಳದಲ್ಲಿ ಮಿಂದರೆ ಚರ್ಮದ ಬ್ಯಾನಿ ಹೋಗುತ್ತದೆಂದು ಎಲ್ಲ ಜಾತಿಯವರೂ ಹೋಗುತ್ತಾರೆ. ಮಾಸ್ತರನಿಗೆ ಸುದ್ದಿ ಮುಟ್ಟಿತು. ತಪಸ್ಸಿನ ದಿನಗಳು ಬೇರೆ, ಅವನಿಗೆ ಸುಗ್ಗಿ. ಸಂಜೆಯ ಪ್ರಾರ್ಥನೆಯಲ್ಲಿ ಎಲ್ಲರೆದುರು ಹುಡುಗನನ್ನು ಎಬ್ಬಿಸಿ ನಿಲ್ಲಿಸಿ, “ಕ್ರಿಸ್ತನ ರಕ್ತ ಸಾಲಲಿಲ್ಲೇನಲೇ ನಿನಗ, ಹಳ್ಳದ ನೀರು ಬೇಕಾತು?” ಎಂದು ಕೇಳಿದ. ಅಂಗಿ ಬಿಚ್ಚಿಸಿ ಎಲ್ಲರಿಗೂ ಮೈ ತೋರಿಸಿದ. ಅದೇ ವಾರ ಹುಡುಗ ಹೊಲದ ಬಾವಿಯಲ್ಲಿ ತೇಲಿದ. ಪಂಪಸೆಟ್ಟಿನ ಪೈಪಿಗೆ ಕಸ ಸಿಕ್ಕಿದೆ, ತೆಗೆದು ಬರುತ್ತೇನೆ ಎಂದು ಹೋಗಿದ್ದ. ಜಾರಿದನೋ ಹಾರಿದನೋ ನೋಡಿದವರಿಲ್ಲ.

ಮಾಸ್ತರ ನೋಡದೆಯೇ ಹೇಳಿದ, ಹಾರಿದ್ದಾನೆ ಎಂದು. ಹೋಗಬಾರದ ಕಡೆ ಹೋದವನ ಗತಿ ಇಷ್ಟೇ ಎಂದ. ಯಾರ ಮಾತಿಗೆ ಹಾರಿದ ಎಂದು ಒಬ್ಬರಾದರೂ ಕೇಳಬೇಕಿತ್ತು. ಕೇಳುವ ಗಂಡಸರು ಆ ಸಭೆಯಲ್ಲಿ ಇರಲಿಲ್ಲ, ಬರೀ ಮೀಸೆಗಳಿದ್ದವು. ತಾನಾಗಿ ಪ್ರಾಣ ಕಳೆದುಕೊಂಡವನಿಗೆ ಸಮಾಧಿ ಜಾಗದ ಬೇಲಿಯೊಳಗೆ ಎಡೆಯಿಲ್ಲವೆಂದು ಹೊರಗೆ ಹೂಳಿದರು. ಗಂಟೆ ಇಲ್ಲ, ಹಾಡಿಲ್ಲ. ತಾಯಿ ಮುಡಿ ಬಿಚ್ಚಲು ಹೋದಾಗ “ಇಂಥಾ ಸಾವಿಗೆ ಅಳೂದು ಪಾಪ, ಯಕ್ಕಾ” ಎಂದು ಮಾಸ್ತರ ತಡೆದ. ಅವಳು ನುಂಗಿಕೊಂಡಳು. ಮುಂದಿನ ಶುಭ ಶುಕ್ರವಾರ ಯೇಸುವಿನ ಹೆಸರಿನಲ್ಲಿ ಬಾಯಿ ಬಿಟ್ಟಳು. ಆಮೇಲೆ ಪ್ರತಿ ವರ್ಷವೂ.

ಇದು ಸಭೆಯ ಎಲ್ಲ ಹೆಂಗಸರಿಗೂ ಗೊತ್ತಿತ್ತು. ಗೊತ್ತಿಲ್ಲದವನು ಮಾಸ್ತರ ಒಬ್ಬನೇ, ಯಾಕೆಂದರೆ ತನ್ನ ಅಳುವನ್ನು ಬಿಟ್ಟು ಇನ್ನೊಬ್ಬರ ಅಳುವಿಗೆ ಅವನು ಎಂದೂ ಕಿವಿ ಕೊಟ್ಟವನಲ್ಲ. ಆದರೆ ಚಾಡಿ ಹೇಳುವ ಬಾಯಿ ಎಲ್ಲ ಊರಲ್ಲೂ ಇರುತ್ತದೆ. ಮರುವರ್ಷ ಶುಭ ಶುಕ್ರವಾರಕ್ಕೆ ಮುಂಚಿನ ಗರಿಗಳ ಭಾನುವಾರ ಅವನು ಎದ್ದು ನಿಂತು ಟವೆಲ್ಲು ಸರಿಮಾಡಿಕೊಂಡ.

“ಸ್ವಾಮಿಗೆ ಅಳೂದು ಬ್ಯಾರೆ, ಸತ್ತವರಿಗೆ ಅಳೂದು ಬ್ಯಾರೆ. ಈ ಸಲ ಹಾಡ್ಯಾಡಿ ಅಳೂದು ಬಂದ್. ಹುಬ್ಬಳ್ಳಿಯಿಂದ ಟೇಪರೆಕಾರ್ಡರ್ ತರಸಾಕ್ಹತ್ತೀನಿ. ಅದರಾಗ ಅಗದಿ ಛಲೋ ಹಾಡವರ ಕ್ವಾಯರ್ ಐತಿ. ಅದು ಅಳತೈತಿ, ನೀವು ಸುಮ್ನ ಕುಂತು ಕೇಳ್ರಿ.”

ಆ ವಾರ ಅತ್ತೆಗೆ ಊಟ ಸೇರಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೆ ಹೇಳಿದಳು. “ಅವನ ಹೆಸರು ಒಮ್ಮೆನೂ ಬಾಯಿಗೆ ತಂದಿಲ್ಲಬೇ ನಾ. ವರ್ಷಕ್ಕ ಒಂದು ಮಧ್ಯಾಹ್ನ, ಅದೂ ಸ್ವಾಮಿ ಹೆಸರಿಲೆ. ಅದರಾಗ ಇವರದೇನು ಗಂಟು ಹೋಗತಿತ್ತು?”

ನನಗೆ ಮೈಯೆಲ್ಲ ಉರಿಯಿತು. ಗಂಡನ ಮುಂದೆ ಹೋಗಿ ನಿಂತೆ. “ಹೆತ್ತವ್ವಗ ಅಳಾಕ ಬಿಡವಲ್ಲರು. ಗಂಡಸಾಗಿ ಒಂದು ಮಾತು ಕೇಳಿ ಬರ್ರಿ.”

“ಬೇಲಿಗೆ ಮುಳ್ಳು ಕಡಿಯೂದೈತಿ” ಎಂದು ಕೊಡಲಿ ತೆಗೆದುಕೊಂಡು ಹೋದರು.

ಪ್ರತಿ ವರ್ಷ ತಪಸ್ಸಿನ ದಿನಗಳ ಕೊನೆಯ ವಾರ ಗಂಡಸರು ಜಾಲಿ ಕಡಿದು ಒಟ್ಟುತ್ತಿದ್ದರು. ಹಳೆಯ ಮುಳ್ಳಿಗೆ ಗೆದ್ದಲು ಹತ್ತಿರುತ್ತಿತ್ತು. ಶನಿವಾರ ಅದನ್ನು ಕಿತ್ತು ಹೊಸ ಬೇಲಿ ಹಾಕಿ, ಗೋರಿಗಳಿಗೆ ಸುಣ್ಣ ಬಳಿದರೆ, ಈಸ್ಟರ್ ಬೆಳಗಿನ ಪ್ರಾರ್ಥನೆಗೆ ಜಾಗ ಸಿದ್ಧ. ಜೀವಂತ ತಾಯಿ ಮನೆಯಲ್ಲಿ ಉಪವಾಸ, ಮಗನಿಗೆ ಮುಳ್ಳಿನ ಚಿಂತೆ. ಎಂಥವನಿಗೆ ಕಟ್ಟಿದರಪ್ಪಾ ನನ್ನನ್ನು ಎಂದುಕೊಂಡೆ.

ಶುಕ್ರವಾರ ಬಂತು. ಧೋತರ ಹಾಸಿತ್ತು, ಶಿಲುಬೆ ಮಲಗಿತ್ತು, ಅದರ ತಲೆಯ ಹತ್ತಿರ ಟೇಪರೆಕಾರ್ಡರ್ ಕೂತಿತ್ತು. ಮಾಸ್ತರ ಗುಂಡಿ ಒತ್ತಿದ. ಮೊದಲು ಚೆನ್ನಾಗಿಯೇ ಅತ್ತಿತು. ಆಮೇಲೆ ಸೆಲ್ಲು ಇಳಿದು, ಹೆಂಗಸರ ದನಿ ಗಂಡಸರದಾಗಿ, ಗಂಡಸರದು ಎಮ್ಮೆಯದಾಗಿ ಎಳೆಯತೊಡಗಿತು. ಮಾಸ್ತರ ಆ ಡಬ್ಬಿಯ ಬೆನ್ನು ತಟ್ಟುತ್ತಾ ಟವೆಲ್ಲಿನಿಂದ ಬೆವರು ಒರೆಸಿಕೊಂಡ. ಆ ಟವೆಲ್ಲು ಅಂದು ಮೊದಲ ಸಲ ಪ್ರಾಮಾಣಿಕ ಕೆಲಸ ಮಾಡಿತು.

ಅತ್ತೆ ಎದ್ದು ನಿಂತಳು.

“ಕುಂದರ್ರಿ ಯಕ್ಕಾ, ಇನ್ನೂ ಮುಗದಿಲ್ಲ” ಎಂದ ಮಾಸ್ತರ.

“ನಿಮ್ಮ ಡಬ್ಬಿ ಅಳಲ್ರಿ. ನನಗ ಬ್ಯಾರೆ ಕೆಲಸ ಐತಿ” ಎಂದು ಅತ್ತೆ ಹೊರಗೆ ನಡೆದಳು. ಹಿಂದೆ ನಾನು. ನನ್ನ ಹಿಂದೆ ಒಬ್ಬೊಬ್ಬರಾಗಿ ಎಲ್ಲ ಹೆಂಗಸರು. ಕಾಲು ಸುಡುವ ಬಿಸಿಲು. ಅವಳು ಸಮಾಧಿ ಜಾಗದ ಬಾಗಿಲ ಒಳಗೆ ಹೋಗದೆ ಮುಂದೆ ದಾಟಿ, ಬೇಲಿಯ ಹೊರಬಾಜೂಕ್ಕೆ ಹೋಗಿ, ಕಲ್ಲಿಲ್ಲದ ಒಂದು ಮಣ್ಣಿನ ದಿಬ್ಬದ ಮುಂದೆ ಕೂತು ಮುಡಿ ಬಿಚ್ಚಿದಳು. ಮಗನನ್ನು ಹೆಸರು ಹಿಡಿದು ಕರೆದಳು. ಆ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಅಷ್ಟು ವರ್ಷ ಬಾಯೊಳಗೆ ಇಟ್ಟುಕೊಂಡವಳು ಅವಳು, ಹೇಳುವ ಹಕ್ಕೂ ಅವಳದೇ. ರೊಟ್ಟಿ ಬಂತು, ಶೇಂಗಾ ಹಿಂಡಿ ಬಂತು, ಬೇವಿನ ತೊಪ್ಪಲು ಬಂತು, ಬಾವಿ ಬಂತು. “ಅಂಗಿ ಬಿಚ್ಚಿಸಿ ನಿಲ್ಲಿಸಿದಾಗ ನಾ ಯಾಕ ಎದ್ದು ಬರಲಿಲ್ಲೋ ಮಗನ” ಎಂಬುದೂ ಬಂತು. ಅದನ್ನು ಯಾವ ಶುಕ್ರವಾರವೂ ಅವಳು ಹಾಡಿರಲಿಲ್ಲವಂತೆ. ಮುಖವನ್ನೇ ನೋಡದ ಮೈದುನನಿಗಾಗಿ ನಾನೂ ಬಿಕ್ಕಿದೆ. ಅಲ್ಲಿ ಯಾರಿಗೂ ಟವೆಲ್ಲು ಬೇಕಾಗಲಿಲ್ಲ.

ಮರುದಿನ ಗಂಡಸರಿಗೆ ಬುತ್ತಿ ಒಯ್ದವಳು ನಾನು. ಹಳೆಯ ಬೇಲಿ ಕಿತ್ತು ರಾಶಿ ಹಾಕಿದ್ದರು. ಹೊಸ ಮುಳ್ಳನ್ನು ಹಳೆಯ ಗೆರೆಯ ಮೇಲೆಯೇ ಹಾಕುತ್ತಾ ಬಂದು, ಹೊರಗಿನ ದಿಬ್ಬ ಇದ್ದ ಮೂಲೆಗೆ ಬಂದಾಗ ನನ್ನ ಗಂಡ ನಿಂತರು.

“ಈ ಸಲ ಮುಳ್ಳು ಭಾಳ ಬಂದೈತಿ. ಒಂದೀಟು ಆಚೆ ಹಾಕೂಣು” ಎಂದರು.

ಉಳಿದವರು ನೆಲ ನೋಡಿದರು. ನಾನು ಬುತ್ತಿ ಹಿಡಿದುಕೊಂಡು ನಿಂತೆ. ಕೊನೆಗೆ ಒಬ್ಬ ಮುದುಕ, “ಹೌದಪಾ, ಭಾಳ ಐತಿ” ಎಂದು ಒಂದು ಕೊಂಬೆ ಎಳೆದು ದಿಬ್ಬದ ಆಚೆ ಹಾಕಿದ. ಮುಳ್ಳು ಭಾಳ ಏನೂ ಇರಲಿಲ್ಲ. ಬೇಲಿ ಮುಟ್ಟಿಸಲು ಸಾಲದೆ ಸಂಜೆ ಮತ್ತೆ ಹೋಗಿ ಕಡಿದು ತಂದರು. ಒಂದು ಮಾತು ಕೇಳಲಾರದ ಗಂಡಸರು ಒಂದು ಗಾಡಿ ಮುಳ್ಳು ಹೊರುತ್ತಾರೆ, ಅವರ ಧೈರ್ಯ ಇಷ್ಟೇ. ಅಂದು ನನಗೆ ಅಷ್ಟು ಸಾಕಾಯಿತು. ಗಂಡನ ಕೈಯ ಮುಳ್ಳನ್ನು ನಾನೇ ಪಿನ್ನಿನಿಂದ ತೆಗೆದೆ.

ಈಸ್ಟರ್ ದಿನ ಮಬ್ಬುಗತ್ತಲೆಯಲ್ಲಿ ಎಲ್ಲರೂ ಮೇಣದಬತ್ತಿ ಹಿಡಿದು ಸಮಾಧಿ ಜಾಗಕ್ಕೆ ಹೋದೆವು. ಬೆಳಕು ಹರಿದಂತೆ ಮಾಸ್ತರನಿಗೆ ಒಂದು ದಿಬ್ಬ ಹೆಚ್ಚಾದದ್ದು ಕಂಡಿತು. ಅದಕ್ಕೆ ಸುಣ್ಣವೂ ಬಳಿದಿತ್ತು.

“ಬೇಲಿ ಯಾಕ ಇಲ್ಲೀ ಮಟಾ ಬಂತು?”

ಗಂಡಸರು ತಮ್ಮ ತಮ್ಮ ಬತ್ತಿ ಸರಿಮಾಡಿಕೊಂಡರು. ಅವನು ಬಾಯಿಪಾಠ ಮಾಡಿಕೊಂಡು ಬಂದ ಬೋಧನೆ ಶುರು ಮಾಡಿದ. ಭರವಸೆ ಎಂಬುದನ್ನು ಅವನು ಹಂಚುತ್ತಿದ್ದ ರೀತಿ ನನಗೆ ಗೊತ್ತಿತ್ತು, ಮದುವೆಮನೆಯಲ್ಲಿ ಬೇಕಾದವರ ಎಲೆಗೆ ಎರಡು ಸಲ ತುಪ್ಪ ಹಾಕುವ ಹಾಗೆ. ಸ್ವಾಮಿಯ ಗೋರಿಯ ಕಲ್ಲು ಉರುಳಿತು, ಮರಣ ಸೋತಿತು, ಒಂದು ದಿನ ಈ ಗೋರಿಗಳೆಲ್ಲ ತೆರೆಯುತ್ತವೆ ಎಂದ.

“ನನ್ನ ಮಗಂದೂ ತೆರಿತೈತೇನ್ರಿ ಮಾಸ್ತರ?” ಅತ್ತೆ ಕೇಳಿದಳು.

“ಅದು ದೇವರ ಚಿತ್ತ, ಯಕ್ಕಾ.”

“ದೇವರನ್ನ ಕೇಳಿಲ್ರಿ. ಹೊರಗ ಹಾಕಿದವರು ನೀವು, ನಿಮ್ಮನ್ನ ಕೇಳಾಕ್ಹತ್ತೀನಿ.”

ಮೇಣ ಕರಗಿ ಅವನ ಬೆರಳ ಮೇಲೆ ಬಿತ್ತು. ಕೈ ಜಾಡಿಸಿದ. ಅವನ ಬತ್ತಿ ಆರಿಹೋಯಿತು. “ಪ್ರಾರ್ಥನಾ ಮಾಡೂಣು” ಎಂದು ಕಣ್ಣು ಮುಚ್ಚಿಕೊಂಡ. ಅತ್ತೆ ಕಣ್ಣು ಮುಚ್ಚಲಿಲ್ಲ. ತನ್ನ ಬತ್ತಿಯನ್ನು ಮಗನ ತಲೆಯ ಕಡೆ ಮಣ್ಣಿನಲ್ಲಿ ನೆಟ್ಟು, ಗಾಳಿಗೆ ಕೈ ಅಡ್ಡ ಹಿಡಿದು ಕೂತಳು.

ಗೋರಿಗಳು ತೆರೆಯುತ್ತವೆಂಬ ನಂಬಿಕೆ ನನಗೆ ಇಂದಿಗೂ ಇಲ್ಲ. ಆದರೆ ಬೇಲಿ ಸರಿಯುವುದನ್ನು ನೋಡಿದ್ದೇನೆ.

ಮುಂದಿನ ವರ್ಷ ಶುಭ ಶುಕ್ರವಾರಕ್ಕೆ ಪೇಟೆಯಿಂದ ಯಾರೋ ದೊಡ್ಡ ಪಾದ್ರಿ ಬರುವವರಿದ್ದರು. ಹಳ್ಳಿಯ ಹೆಂಗಸರು ಯೇಸುಸ್ವಾಮಿಗಾಗಿ ಹಾಡಿ ಅಳುವುದನ್ನು ಅವರು ಕೇಳಬೇಕಂತೆ. ಮಾಸ್ತರ ಟವೆಲ್ಲು ಹಾಕಿಕೊಂಡು ನಮ್ಮ ಕಟ್ಟೆಗೇ ಬಂದ. ಡಬ್ಬಿಯ ಮಾತು ಎತ್ತಲಿಲ್ಲ.

“ಯಕ್ಕಾ, ಈ ಸಲ ನೀವು ಅಳಬೇಕ್ರಿ. ನೀವಿಲ್ಲಂದ್ರ ಕಳಾ ಬರೂದಿಲ್ಲ.”

ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಸ್ವಾಮಿಗೆ ಅಳಾಕ ಅವರವ್ವ ಅದಾಳ್ರಿ” ಎಂದಳು. “ನಾ ನನ್ನ ಮಗಗ ಅತ್ತು ಮುಗಿಸೀನಿ.”