ಖಾಸಿಂಸಾಬರು ತೊಟ್ಟ ಜಾಕೆಟ್ಟು

ಯಾವ ಬಟ್ಟೆಯೇ ಇರಲಿ, ಒಂದು ಮಧ್ಯಾಹ್ನ ಅದರ ಮೇಲೆ ಮಲಗದೆ ಖಾಸಿಂಸಾಬರು ಅದಕ್ಕೆ ಕತ್ತರಿ ಹಾಕುತ್ತಿರಲಿಲ್ಲ. ನೀರು ಚಿಮುಕಿಸಿ, ನೆರಳಲ್ಲಿ ಆರಿಸಿ, ನಾಲ್ಕು ಮಡಿಕೆ ಮಾಡಿ ನಮ್ಮ ಪಡಸಾಲೆಯ ಚಾಪೆಗೆ ಹಾಸುತ್ತಿದ್ದರು. ಊಟವಾದ ಮೇಲೆ ಅದರ ಮೇಲೆ ಒರಗಿ ಕಣ್ಣು ಮುಚ್ಚುತ್ತಿದ್ದರು. ತಹಸೀಲ್ದಾರರ ಶೇರ್ವಾನಿಯ ಬಟ್ಟೆಗೂ ಅದೇ ಮರ್ಯಾದೆ, ನಮ್ಮ ಅಡುಗೆಯವನ ಅಂಗಿಯ ಬಟ್ಟೆಗೂ ಅದೇ. ಯಾರಾದರೂ ನಕ್ಕರೆ, “ಬಟ್ಟಿ ಎಷ್ಟು ಎಳೀತದ, ಎಷ್ಟು ಸುಕ್ಕ ಬೀಳ್ತದ ಅನ್ನೂದು ಕೈಗೆ ತಿಳಿಯಂಗಿಲ್ರೀ, ಬೆನ್ನಿಗೆ ತಿಳೀತದ,” ಎನ್ನುತ್ತಿದ್ದರು. ಎದ್ದು ಕೂತು ಸುಕ್ಕುಗಳನ್ನು ಓದುವವರಂತೆ ನೋಡುತ್ತಿದ್ದರು. ಇದರಲ್ಲಿ ವಿದ್ಯೆ ಎಷ್ಟು, ನಿದ್ದೆ ಎಷ್ಟು ಎಂಬುದು ಆನೆಸ್ಟ್ಲಿ ನನಗೆ ಇವತ್ತಿಗೂ ಗೊತ್ತಿಲ್ಲ.

ಸುರಪುರದ ಪೇಟೆಯಲ್ಲಿ ಅವರಿಗೊಂದು ಸಣ್ಣ ಅಂಗಡಿ ಇತ್ತು. ಆದರೆ ಬೇಸಿಗೆಯಲ್ಲಿ ಒಂದೂವರೆ ತಿಂಗಳು ಅವರ ಅಂಗಡಿ ನಮ್ಮ ಪಡಸಾಲೆಯೇ. ನನ್ನ ಅಪ್ಪ ವಕೀಲರು. ವರ್ಷದ ಬಟ್ಟೆಯೆಲ್ಲ ಒಮ್ಮೆಲೇ ಹೊಲಿಸುವ ಪದ್ಧತಿ. ಸಾಬರು ಪೀಚಲು ಆಳು, ನನ್ನ ಎತ್ತರಕ್ಕಿಂತ ಹೆಚ್ಚೇನೂ ಇರಲಿಲ್ಲ. ಗೋರಂಟಿ ಹಚ್ಚಿದ ಗಡ್ಡ, ಬಲಗೈ ನಡುಬೆರಳಿಗೆ ಸದಾ ಸೂಜಿ ಒತ್ತುವ ಒಂದು ಹಿತ್ತಾಳೆಯ ಅಂಗುಸ್ತಾನ. ಅದನ್ನು ಹಾಕಿಕೊಂಡೇ ಉಣ್ಣುತ್ತಿದ್ದರು ಎಂದು ಅಡುಗೆಯವನು ಹೇಳುತ್ತಿದ್ದ. ಕೊರಳಲ್ಲಿ ಇಂಚು ಟೇಪು ತೂಗುತ್ತಿತ್ತು, ಆದರೆ ಅದು ಬರೀ ಶೋಗೆ. ಹರೆಯದಲ್ಲಿ ಸಿಕಂದರಾಬಾದಿನ ದಂಡಿನ ಪ್ರದೇಶದಲ್ಲಿ ಒಬ್ಬ ಗೋರಾ ಟೇಲರನ ಕೈಕೆಳಗೆ ಏಳು ವರ್ಷ ಕೂತಿದ್ದರಂತೆ. “ಮೊದಲನೇ ವರ್ಷ ಏನ್ ಹೊಲದ್ರಿ ಚಾಚಾ?” ಎಂದು ಕೇಳಿದ್ದೆ. “ಹೊಲಿಲಿಲ್ಲ ಬೇಟಿ. ಬಿಚ್ಚಿದೆ. ವರ್ಷಾನಗಟ್ಟಲೆ ಬರೇ ಬಿಚ್ಚಿದೆ,” ಎಂದಿದ್ದರು.

ನಾನು ಅವರ ಕೈಯಲ್ಲಿ ಕಲಿತ ಬೇಸಿಗೆ ನಿಜಾಮರ ರಾಜ್ಯದ ಕೊನೆಯ ಬೇಸಿಗೆಗಳಲ್ಲೊಂದು. ನನಗೆ ಹದಿನೈದು ದಾಟಿತ್ತು. ಸಿಕಂದರಾಬಾದಿನ ಒಂದು ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ. ಮ್ಯಾಟ್ರಿಕ್ಕಿಗೆ ಇನ್ನೆರಡು ವರ್ಷ ಬಾಕಿ. ಅಷ್ಟರಲ್ಲಿ ಶಹಾಪುರದಿಂದ ಒಂದು ಸಂಬಂಧ ಬಂತು, ಅಪ್ಪನಿಗೆ ಮನಸ್ಸೂ ಬಂತು. ಆದರೆ ನಮ್ಮ ನೀಡಲ್‌ವರ್ಕ್ ಸಿಸ್ಟರ್ ರಜೆಗೆ ಮುಂಚೆ ಒಂದು ಮಾತು ಹೇಳಿ ಕಳಿಸಿದ್ದರು. ಶಾಲೆಯ ನಾಟಕಕ್ಕೆ ವಿಕ್ಟೋರಿಯಾ ರಾಣಿಯ ಕಾಲದ ಜಾಕೆಟ್ಟು ಬೇಕಿತ್ತು. ಯಾರು ತನ್ನ ಅಳತೆಗೆ ತಾನೇ, ಟೇಲರನ ಸಹಾಯವಿಲ್ಲದೆ, ಅಂಥದೊಂದನ್ನು ಹೊಲಿದು ತರುತ್ತಾಳೋ ಅವಳಿಗೆ ಚಿಕ್ಕ ಮಕ್ಕಳಿಗೆ ಹೊಲಿಗೆ ಕಲಿಸುವ ಕೆಲಸ, ಅದರ ಜೊತೆಗೆ ಮ್ಯಾಟ್ರಿಕ್ಕಿನವರೆಗೆ ಬೋರ್ಡಿಂಗಿನಲ್ಲಿ ಫೀಸಿಲ್ಲದ ಜಾಗ. ಅಪ್ಪ ಕೇಳಿ, “ಆ ಜಾಗಾ ಸಿಕ್ಕರ ಹೋಗು. ಸಿಗಲಿಲ್ಲಂದ್ರ ಶಹಾಪುರದವರಿಗೆ ಹೂಂ ಅಂತೀನಿ,” ಎಂದರು. ವಕೀಲರ ತೀರ್ಪು, ಅಪೀಲಿಲ್ಲ.

ಸಿಸ್ಟರ್ ಕೊಟ್ಟ ಚಿತ್ರವನ್ನು ಸಾಬರಿಗೆ ಕಳಿಸಿದೆ. ಕಳಿಸಿದೆ ಎಂದರೆ ಪರದೆಯ ಕೆಳಗಿನಿಂದ ನೂಕಿದೆ. ದೊಡ್ಡವಳಾದ ಮೇಲೆ ನಾನು ಗಂಡಸರೆದುರು ಪಡಸಾಲೆಗೆ ಬರುವಂತಿರಲಿಲ್ಲ. ನಡುಮನೆಯ ಬಾಗಿಲಿಗೆ ಒಂದು ದಪ್ಪ ಪರದೆ, ಅದರಾಚೆ ಅವರು, ಈಚೆ ನಾನು, ನನ್ನ ಪಕ್ಕ ಕಾವಲಿಗೆ ಜಪಮಾಲೆ ಹಿಡಿದ ನನ್ನ ಸೋದರತ್ತೆ ಕೃಷ್ಣಾಬಾಯಿ.

ಆಚೆಯಿಂದ ನಗು ಕೇಳಿಸಿತು. “ಅರೇ, ಈ ಹೆಣಮಗಳು ಉಸರಾಡೂದು ಎಲ್ಲಿಂದ? ನಡಾ ಹಿಂಡ್ಯಾರ, ತೋಳಿಗೆ ಗಾಳಿ ತುಂಬ್ಯಾರ!”

“ಆಗ್ತದೇನ್ರಿ ಚಾಚಾ?” ಎಂದೆ.

“ಕಾಲರು ನೋಡಿದ್ರ ನಮ್ಮ ಶೇರ್ವಾನಿ ತಂಗೀನ ಅದ. ಯಾಕ ಆಗಂಗಿಲ್ಲ? ಆದ್ರ ನಾ ಒಂದು ಹೊಲಿಗಿ ಹಾಕಂಗಿಲ್ಲ. ನಿಮ್ಮ ಮೇಮ್‌ಸಾಬ್ರು ಬ್ಯಾಡ ಅಂದಾರ ಅಂದ್ಮ್ಯಾಲೆ ಬ್ಯಾಡ. ನೀ ಹೊಲಿ, ನಾ ಬಿಚ್ಚತೀನಿ.”

ಅತ್ತೆ ಜಪ ನಿಲ್ಲಿಸಿ, “ಇಂಥಾ ಚೊಲೋ ಗುರು ಸಿಕ್ಕ ನೋಡು,” ಎಂದರು.

ಹೆಣ್ಣುಮಕ್ಕಳ ಅಳತೆಯನ್ನು ಸಾಬರು ಯಾವತ್ತೂ ತಾವಾಗಿ ತೆಗೆದುಕೊಂಡವರಲ್ಲ. ಅವರ ಪದ್ಧತಿ ಬೇರೆ. ಒಂದು ಹುರಿದಾರವನ್ನು ಒಳಗೆ ಕಳಿಸುತ್ತಿದ್ದರು. ಮನೆಯ ಹಿರಿಯ ಹೆಂಗಸು ಕೊರಳು, ಹೆಗಲು, ಎದೆ, ನಡು, ತೋಳು ಒಂದೊಂದಕ್ಕೂ ಒಂದು ಗಂಟು ಹಾಕಿ ಹೊರಗೆ ಕಳಿಸಬೇಕು. ತಲೆಯಿಂದ ಕಾಲಿನವರೆಗೆ ಮಾತ್ರ ಅಳೆಯುವಂತಿಲ್ಲ; ಹಾಗೆ ಅಳೆಯುವುದು ಸತ್ತವರನ್ನು. ಅತ್ತೆ ನನ್ನನ್ನು ಬೆಳಕಿಗೆ ನಿಲ್ಲಿಸಿ ಬಹಳ ಶ್ರದ್ಧೆಯಿಂದ ಗಂಟು ಹಾಕಿದರು. ಸಾಬರು ದಾರವನ್ನು ಬೆರಳಲ್ಲಿ ಎಳೆದು ನೋಡಿ, “ಹುಡುಗಿ ಗಟ್ಟಿ ಅದಾಳ,” ಎಂದಷ್ಟೇ ಅಂದರು.

ಬಟ್ಟೆ ಅಪ್ಪನ ಪೆಟ್ಟಿಗೆಯಲ್ಲಿದ್ದ ಕಪ್ಪು ಬನಾತು, ದಪ್ಪ ಉಣ್ಣೆಯದು. ಸುರಪುರದ ಗುಡ್ಡದ ಕಲ್ಲೆಲ್ಲ ಕಾದು ಮನೆಯೊಳಗೆ ಕಾವು ಕಕ್ಕುವ ಮೇ ತಿಂಗಳು. ತೊಡೆಯ ಮೇಲೆ ಬನಾತು ಹರವಿಕೊಂಡು ಕೂತರೆ ಬೆವರು ಸೀರೆಯ ನೆರಿಗೆಯೊಳಗೆಲ್ಲ ಇಳಿಯುತ್ತಿತ್ತು. ಸಾಬರು ಅದರ ಮೇಲೆ ಮಲಗಿ ಎದ್ದರು, ಕಾಗದದ ಮೇಲೆ ಗೆರೆ ಎಳೆದು ಕೊಟ್ಟರು, ಕತ್ತರಿಸಿದವಳು ನಾನು. ಮೊದಲ ಕತ್ತರಿ ಹಾಕುವಾಗ ಪರದೆಯಾಚೆಯಿಂದ ‘ಬಿಸ್ಮಿಲ್ಲಾ’ ಎಂದರು, ಈಚೆಯಿಂದ ಅತ್ತೆ ‘ಹರಿ ಹರಿ’ ಎಂದರು.

ಆಮೇಲೆ ಸುರುವಾಯಿತು ಬಿಚ್ಚುವ ಪರ್ವ. ನಾನು ಹೊಲಿದದ್ದನ್ನು ಪರದೆಯ ಕೆಳಗೆ ನೂಕುತ್ತಿದ್ದೆ. ಅವರು ಹೆಬ್ಬೆರಳು ಆಡಿಸಿ ನೋಡುತ್ತಿದ್ದರು. ಸರಿಯಿಲ್ಲದಿದ್ದರೆ ಬಯ್ಯುತ್ತಿರಲಿಲ್ಲ, ದಾರ ಪೂರ್ತಿ ಬಿಚ್ಚಿ, ಬಿಚ್ಚಿದ ದಾರವನ್ನು ನೀಟಾಗಿ ಸುತ್ತಿ ವಾಪಸು ನೂಕುತ್ತಿದ್ದರು. ಸರಿಯಿದ್ದರೆ “ಮುಂದ” ಎನ್ನುತ್ತಿದ್ದರು. ಅವರ ಡಿಕ್ಷನರಿಯಲ್ಲಿ ಹೊಗಳಿಕೆಗೆ ಇದ್ದದ್ದು ಅದೊಂದೇ ಶಬ್ದ. ಕಾನ್ವೆಂಟಿನಲ್ಲಿ ‘ವೆರಿ ಗುಡ್’, ‘ಎಕ್ಸಲೆಂಟ್’ ಎಂದೆಲ್ಲ ಕೇಳಿಸಿಕೊಂಡು ಬೆಳೆದ ನನಗೆ ಮೊದಲ ‘ಮುಂದ’ ಸಿಕ್ಕಿದ್ದು ಆರನೇ ದಿನ.

ಕಾಲರಿನೊಳಗೆ ಒರಟು ಬಟ್ಟೆ ಇಟ್ಟು, ನೂರಾರು ಓರೆ ಹೊಲಿಗೆಗಳಿಂದ ಕೂಡಿಸಬೇಕು. ಅದನ್ನು ಹಲಗೆಯ ಮೇಲೆ ಇಟ್ಟು ಹೊಲಿದೆ. ಮೂರು ಸಲ ಬಿಚ್ಚಿ ಬಂತು. ನಾಲ್ಕನೇ ಸಲ ಅಳು ಬಂದು, “ಏನ್ ತಪ್ಪದ ಹೇಳ್ರೆಲಾ!” ಎಂದೆ.

“ಎಲ್ಲಿಟ್ಟು ಹೊಲದಿ?”

“ಹಲಗಿ ಮ್ಯಾಲೆ.”

“ಕೊರಳು ಹಲಗಿ ಹಂಗ ಇರತದೇನು? ಎಡಗೈ ಬೆರಳ ಮ್ಯಾಲೆ ಬಗ್ಗಿಸಿ ಹಿಡಿ. ಬಗ್ಗಿಸಿದ್ದು ಬಗ್ಗಿಸಿದ್ಹಂಗ ಹೊಲಿ. ಸಪಾಟ ಹೊಲದ್ರ ಸಪಾಟನ ಸಾಯ್ತದ.”

ಬೆರಳ ಮೇಲೆ ಬಗ್ಗಿಸಿ ಹೊಲಿದೆ. ಕೈಬಿಟ್ಟರೂ ಅದು ಬಗ್ಗಿಯೇ ನಿಂತಿತು. ಬಟ್ಟೆಗೂ ನೆನಪಿರುತ್ತದೆ ಎಂದು ನನಗೆ ತಿಳಿದದ್ದು ಅವತ್ತು. ಹಾಗೆಯೇ ಒದ್ದೆ ಅರಿವೆ ಹಾಸಿ ಇದ್ದಿಲಿನ ಇಸ್ತ್ರಿ ಒತ್ತಿ ತೋಳಿನ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸದೆಯೇ ಕುಗ್ಗಿಸುವುದನ್ನು ಕಲಿತೆ. ಗುಂಡಿಯ ಕಾಜಾಗಳು ಹದಿನಾಲ್ಕು. ಅವುಗಳಿಗೆ ಮುಂಚೆ ಚಿಂದಿಯ ಮೇಲೆ ಎಷ್ಟು ಹಾಕಿದೆನೋ ಲೆಕ್ಕವಿಲ್ಲ. ದಾರಕ್ಕೆ ಜೇನುಮೇಣ ಸವರಿ ಸವರಿ ಬೆರಳಿಗೆ ಅದರ ವಾಸನೆಯೇ ಹತ್ತಿತ್ತು.

ರಜೆ ಮುಗಿಯಲು ಹತ್ತು ದಿನ ಇದ್ದಾಗ ಜಾಕೆಟ್ಟು ಒಂದು ಹದಕ್ಕೆ ಬಂತು. ತೊಟ್ಟುಕೊಂಡೆ. ಹೆಗಲಿನ ಹೊಲಿಗೆ ತೋಳಿನ ಮೇಲೆ ಜಾರಿತು. ಕಾಲರಿನೊಳಗೆ ನನ್ನ ಕೊರಳ ಜೊತೆ ಇನ್ನೊಂದು ಕೊರಳಿಗೆ ಜಾಗವಿತ್ತು. ಕನ್ನಡಿಯಲ್ಲಿ ರಾಣಿ ಇರಲಿಲ್ಲ, ಅಣ್ಣನ ಕೋಟು ಹಾಕಿಕೊಂಡ ತಂಗಿ ಇದ್ದಳು. ನಾನು ಅಲ್ಲೇ ಕೂತು ಅಳತೊಡಗಿದೆ.

“ಯಾಕ ಅಳಾಕತ್ತಾಳ?” ಎಂದರು ಸಾಬರು ಆಚೆಯಿಂದ.

“ಅಳ್ಳಕ ಆಗ್ಯದ ಚಾಚಾ. ಎಲ್ಲಾ ಅಳ್ಳಕ ಆಗ್ಯದ.”

“ಆಗಂಗೇ ಇಲ್ಲ. ದಾರ ನನ್ನ ಹಂತ್ಯಾಕ ಅದ.” ದಾರವನ್ನು ಮತ್ತೆ ಎಳೆದು ನೋಡಿದರೆಂದು ಕಾಣುತ್ತದೆ. ಆಮೇಲೆ, “ಅಕ್ಕಾರ, ಗಂಟು ಹೆಂಗ ಹಾಕಿದ್ರಿ?” ಎಂದರು.

ಅತ್ತೆಯ ಜಪಮಾಲೆ ನಿಂತಿತು. “ಹೆಂಗ ಹಾಕ್ತಾರ ಹಂಗ ಹಾಕೀನಪಾ. ಬೆಳಿಯೋ ಹುಡುಗಿ, ನಾಳೆ ಲಗ್ನ ಆದ್ಮ್ಯಾಲೂ ಬರಬೇಕಲಾ? ಗಂಟಿಗೆ ಎರಡು ಬಟ್ಟು ಬಿಟ್ಟೀನಿ. ನಮ್ಮವ್ವ ನನಗೂ ಹಂಗೇ ಬಿಡತಿದ್ಲು.”

ಪ್ರತಿಯೊಂದು ಗಂಟಿಗೂ ಎರಡು ಬೆರಳು! ಲಗ್ನ ತಪ್ಪಿಸಲು ಹೊಲಿಯುತ್ತಿದ್ದ ಜಾಕೆಟ್ಟಿಗೆ ಅತ್ತೆ ಲಗ್ನದ ನಂತರದ ಮೈಯ ಅಳತೆ ಕೊಟ್ಟಿದ್ದರು. ಸಾಬರು ಸಿಟ್ಟಾಗಲಿಲ್ಲ. “ತಪ್ಪು ನಂದು ರೀ. ಎಲ್ಲಾ ಮನ್ಯಾಗೂ ಬಿಡತಾರ, ನಾ ಕೇಳ್ಬೇಕಿತ್ತು,” ಎಂದರು.

ಈಗ ಕಷ್ಟವಿದ್ದದ್ದು ಇಲ್ಲಿ: ಎಲ್ಲಿ ಎಷ್ಟು ಒಳಗೆ ತೆಗೆದುಕೊಳ್ಳಬೇಕೆಂದು ಹೇಳಲು ಅವರು ನನ್ನ ಮೈಮೇಲೆ ಅದನ್ನು ನೋಡಬೇಕು. ಅತ್ತೆ ಪಶ್ಚಾತ್ತಾಪದಲ್ಲಿ, “ಪರದಾ ಸರಸ್ತೀನಿ, ಒಮ್ಮೆ ನೋಡಿ ಹೇಳಿಬಿಡು,” ಎಂದೂ ಅಂದರು. ಸಾಬರು, “ನಕೋ. ವಕೀಲಸಾಬ್ರು ಇಲ್ಲದಾಗ ಅದು ಬ್ಯಾಡ. ಜಾಕೀಟು ಕೊಡ್ರಿ ಇತ್ತಾಗ,” ಎಂದರು.

ಕೊಟ್ಟೆವು. ಒಂದಷ್ಟು ಸರಬರ ಸದ್ದಾಯಿತು. ಆಮೇಲೆ, “ನಾ ಅತ್ತಾಗ ಮುಖಾ ಮಾಡೀನಿ. ಈಗ ಪರದಾ ಎತ್ತಿ ನೋಡು ಬೇಟಿ,” ಎಂದರು.

ಎತ್ತಿದೆ. ಖಾಸಿಂಸಾಬರು ನನ್ನ ಜಾಕೆಟ್ಟು ತೊಟ್ಟು ಗೋಡೆಗೆ ಮುಖ ಮಾಡಿ ನಿಂತಿದ್ದರು. ಕೆಳಗೆ ಲುಂಗಿ, ಮೇಲೆ ಟೋಪಿ, ನಡುವೆ ವಿಕ್ಟೋರಿಯಾ ರಾಣಿ. ಪಫ್ ತೋಳುಗಳು ಕಿವಿಯವರೆಗೆ ಉಬ್ಬಿದ್ದವು. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡರು.

“ನಗಬ್ಯಾಡ್ರಿ, ನೋಡ್ರಿ,” ಎಂದರು ಗೋಡೆಗೆ. ಎರಡು ಬೆರಳು ಹೆಚ್ಚಾದ ನನ್ನ ಅಳತೆ ಅವರಿಗೆ ಪರ್ಫೆಕ್ಟ್ ಫಿಟಿಂಗ್! “ನನ್ನ ಹೆಗಲ ಎಲುಬು ಎಲ್ಲಿ ಮುಗೀತದ ನೋಡು. ತೋಳಿನ ಹೊಲಿಗಿ ಅಲ್ಲೇ ಕುಂತದ, ಹೌದಿಲ್ಲೋ? ಕೈ ಎತ್ತತೀನಿ, ನಡಾ ಮ್ಯಾಲೆ ಏಳತದೇನು? ಇಲ್ಲ. ಬೆನ್ನಿನ ನಡುಗೆರಿ ಸೀದಾ ಅದ. ನನ್ನ ಮೈಮ್ಯಾಲೆ ಹೆಂಗ ಕುಂತದ ಹಂಗೇ ನಿನ್ನ ಮೈಮ್ಯಾಲೆ ಕುಂದರಬೇಕು. ಕಣ್ಣಾಗ ಇಟ್ಕೋ.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು. ಪರದೆ ಬಿಟ್ಟೆವು. ಬಂದವರು ಕಂದಾಯ ಇಲಾಖೆಯ ಗಿರದಾವರರು, ಅಪ್ಪನನ್ನು ಕಾಣಲು ಕಾಗದಪತ್ರ ಹಿಡಿದು ಬಂದಿದ್ದರು. ಪರದೆಯ ಸಂದಿಯಿಂದ ನೋಡಿದೆ. ಅವರ ಬಾಯಿ ತೆರೆದೇ ಇತ್ತು.

“ಏನೋ ಖಾಸಿಂ, ವಿಲಾಯತಿಗೆ ಹೊಂಟೀಯೇನು?”

ಸಾಬರು ಒಂದು ಗುಂಡಿಯನ್ನೂ ಬಿಚ್ಚಲಿಲ್ಲ. “ಹೌದ್ರಿ ಸರಕಾರ, ರಾಣಿಸಾಬ್ರು ಹೇಳಿ ಕಳಿಸ್ಯಾರ. ಕುಂದರ್ರಿ, ವಕೀಲಸಾಬ್ರು ಕಚೇರಿಲಿಂದ ಈಗ ಬರತಾರ,” ಎಂದರು. ಯಾರ ಜಾಕೆಟ್ಟು, ಯಾಕೆ ತೊಟ್ಟಿದ್ದಾರೆ ಎಂಬುದನ್ನು ಹೇಳಲಿಲ್ಲ. ಹೇಳಿದ್ದರೆ ಮನೆಯ ಹುಡುಗಿಯ ಮೈಯ ಅಳತೆ ಪೇಟೆಯ ಮಾತಾಗುತ್ತಿತ್ತು. ಅದರ ಬದಲು ತಾವೇ ಪೇಟೆಯ ನಗೆಯಾದರು. ಮುಂದೆ ಬಹಳ ದಿನ ಸುರಪುರದಲ್ಲಿ ಅವರನ್ನು ‘ರಾಣಿಸಾಬ’ ಎಂದು ಕರೆಯುತ್ತಿದ್ದರಂತೆ.

ಆ ಹತ್ತು ದಿನ ನಾನು ಮತ್ತು ಅತ್ತೆ. ನಾನು ತೊಟ್ಟು ನಿಲ್ಲುವುದು, ಅತ್ತೆ ಟಾಚಣಿ ಚುಚ್ಚುವುದು. ಕಣ್ಣು ಮುಚ್ಚಿದರೆ ಗೋಡೆಗೆ ಮುಖ ಮಾಡಿದ ಆ ಬೆನ್ನು ಕಾಣುತ್ತಿತ್ತು, ಅದರಂತೆ ಹೇಳುತ್ತಿದ್ದೆ. ತೋಳು ಬಿಚ್ಚಿ ಮತ್ತೆ ಕೂಡಿಸಿದೆ. ಕಾಲರು ಹೊಸದಾಗಿ ಮಾಡಿದೆ. ಕಾಜಾಗಳಿದ್ದ ಮುಂಭಾಗ ಮಾತ್ರ ಮುಟ್ಟಲಿಲ್ಲ. ಹೊರಡುವ ಹಿಂದಿನ ದಿನ ಪರದೆಯ ಕೆಳಗೆ ನೂಕಿದೆ. ಬಹಳ ಹೊತ್ತು ಹೆಬ್ಬೆರಳು ಆಡಿರಬೇಕು. ಕೊನೆಗೆ, “ಮುಂದ,” ಎಂದರು. ಮುಂದೆ ಹೊಲಿಯಲು ಏನೂ ಉಳಿದಿರಲಿಲ್ಲ. ಮರುದಿನ ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಅದನ್ನು ಪೆಟ್ಟಿಗೆಗೆ ಹಾಕದೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ಸಿಸ್ಟರ್ ಜಾಕೆಟ್ಟನ್ನು ಒಳಮೈ ಹೊರಗೆ ಮಾಡಿ ಕಿಟಕಿಗೆ ಹಿಡಿದರು. ಮುಖ ಗಂಭೀರವಾಯಿತು. “ದಿಸ್ ಈಸ್ ಎ ಟೇಲರ್ಸ್ ಹ್ಯಾಂಡ್,” ಎಂದರು. ಒಂದು ಚಿಂದಿ, ಸೂಜಿದಾರ ಕೊಟ್ಟು ತಮ್ಮ ಎದುರಿಗೇ ಒಂದು ಕಾಜಾ ಹಾಕಲು ಹೇಳಿದರು. ಹಾಕಿದೆ. ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು. “ಹೂ ಟಾಟ್ ಯೂ?”

ಟೇಲರನ ಸಹಾಯ ಇರಬಾರದೆಂಬ ಮಾತು ನನ್ನ ಕಿವಿಯಲ್ಲಿತ್ತು. ಕಲಿಸುವುದೂ ಸಹಾಯವೇ ಎಂದು ಅವರು ಅಂದುಬಿಟ್ಟರೆ? ಶಹಾಪುರ ಕಣ್ಣಮುಂದೆ ಬಂತು. “ಮೈ ಆಂಟ್, ಸಿಸ್ಟರ್,” ಎಂದೆ. ಸೂಜಿಗೆ ದಾರ ಪೋಣಿಸಲೂ ನನ್ನನ್ನು ಕೂಗುವ ಕೃಷ್ಣಾಬಾಯಿ ಅತ್ತೆ! ಸಿಸ್ಟರ್, “ರಿಮಾರ್ಕಬಲ್ ವುಮನ್,” ಎಂದರು. ಜಾಗ ಸಿಕ್ಕಿತು. ಮ್ಯಾಟ್ರಿಕ್ ಆಯಿತು, ಆಮೇಲೆ ಮೂವತ್ತು ಚಿಲ್ಲರೆ ವರ್ಷ ಹುಡುಗಿಯರಿಗೆ ಹೊಲಿಗೆ ಕಲಿಸಿ ಉಂಡೆ. ಜಾಕೆಟ್ಟು ಕಾನ್ವೆಂಟಿನ ಕಾಸ್ಟ್ಯೂಮ್ ಪೆಟ್ಟಿಗೆ ಸೇರಿತು.

ಮರುಬೇಸಿಗೆಗೆ ನಾನು ಬರುವಷ್ಟರಲ್ಲಿ ಖಾಸಿಂಸಾಬರು ಇರಲಿಲ್ಲ. ವಿಷಮಜ್ವರದಲ್ಲಿ ಹೋದರು ಎಂದು ಅಪ್ಪ ಹೇಳಿದರು. ಪಡಸಾಲೆಯಲ್ಲಿ ಬೇರೆ ದರ್ಜಿ ಮಿಷನ್ ಇಟ್ಟುಕೊಂಡು ಕೂತಿದ್ದ. ಅದಕ್ಕೆ ಮುಂಚೆ ಒಂದೇ ಸಲ, ಕ್ರಿಸ್‌ಮಸ್ ರಜೆಯಲ್ಲಿ, ಅವರು ಸಿಕ್ಕಿದ್ದರು. ನಾನು ಬಂದಿದ್ದೇನೆಂದು ಕೇಳಿ ಕೆಲಸವಿಲ್ಲದಿದ್ದರೂ ಬಂದು ಪರದೆಯಾಚೆ ಕೂತರು.

“ಕಾಲರು ನಿಂತಿತ್ತೇನು ಬೇಟಿ?”

“ನಿಂತಿತ್ತು ಚಾಚಾ. ಜಾಗಾನೂ ಸಿಕ್ತು.”

“ಅದು ಗೊತ್ತಾಯ್ತು, ವಕೀಲಸಾಬ್ರು ಹೇಳಿದ್ರು.” ದನಿ ತಗ್ಗಿಸಿ, “ಯಾರ ಹಂತ್ಯಾಕ ಕಲತಿ ಅಂತ ಕೇಳಿದ್ರೇನು, ಮೇಮ್‌ಸಾಬ್ರು?” ಎಂದರು.

ಅತ್ತೆ ಒಳಗೆ ಅಡುಗೆಮನೆಯಲ್ಲಿದ್ದರು. ನಾನು ಪರದೆಯ ಅಂಚನ್ನು ಹಿಡಿದುಕೊಂಡೆ.

“ಕೇಳಿದ್ರು. ನಿಮ್ಮ ಹೆಸರು ಹೇಳಿದೆ.”

“ಖಾಸಿಂ ಅಂದ್ಯೋ, ಖಾಸಿಂಸಾಬ ಅಂದ್ಯೋ?”

“ಖಾಸಿಂಸಾಬ ಅಂದೆ. ಸುರಪುರದ ಖಾಸಿಂಸಾಬ ಅಂದೆ.”

“ಅವರ ಬಾಯಾಗ ಹೆಂಗ ಬಂತು ಅದು? ಅಂದು ತೋರಸು, ಕೇಳೂಣು.”

ನಾನು ಸಿಸ್ಟರ್ ಧ್ವನಿ ಮಾಡಿ, ಮೂಗಿನಲ್ಲಿ, “ಕ್ಯಾಸಿಮ್ ಸ್ಯಾಬ್,” ಎಂದೆ. ಅವರು ಬಿದ್ದು ಬಿದ್ದು ನಕ್ಕರು. ಇನ್ನೊಮ್ಮೆ ಅನ್ನು ಎಂದರು, ಅಂದೆ. ಮೆಟ್ಟಿಲಿಳಿದು ಹೋಗುವಾಗಲೂ ತಮ್ಮಷ್ಟಕ್ಕೆ ತಾವೇ ಆ ಹೆಸರನ್ನು ಅಂದುಕೊಳ್ಳುತ್ತಾ ಹೋದರು, ಓಣಿಯ ತಿರುವಿನವರೆಗೂ ಕೇಳಿಸುತ್ತಿತ್ತು. ಸಿಸ್ಟರ್ ಅದನ್ನು ಒಮ್ಮೆಯೂ ಆಡಿರಲಿಲ್ಲ.