ನಕ್ಷತ್ರಯಾನಿಗಳ ಹಾಜರಿ ಕರೆದ ರೈಟರು

ಮೊದಲಿಗೆ ವಂದನೆ. ನಾಲಿಗೆಗೆ ನುಡಿಯನ್ನೂ ಕಿವಿಗೆ ಕುತೂಹಲವನ್ನೂ ಕೊಟ್ಟ ವಾಗ್ದೇವಿಗೆ. ಹೇಳುವವನು ತಪ್ಪಿದಾಗಲೂ ಎದ್ದುಹೋಗದೆ ಕುಳಿತ ಕೇಳುಗರಿಗೆ. ಎಪ್ಪತ್ತು ದಾಟಿದ ಮೇಲೂ ನನ್ನ ಪಾಲಿಗೆ ಹೊಸ ಪಾಠವೊಂದನ್ನು ಉಳಿಸಿಟ್ಟಿದ್ದ ಭಗವಂತನಿಗೆ. ಆ ಪಾಠ ಹೇಳಿದವರು ವಯಸ್ಸಿನಲ್ಲಿ ನನಗಿಂತ ಕಿರಿಯರು. ಆದರೂ ಅವರನ್ನು ಗುರುವೆಂದೇ ನೆನೆದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ತೆಳ್ಳನೆಯ ನೀಳ ಕುತ್ತಿಗೆಯಲ್ಲಿ ಅವರ ಗಂಟಲಮಣಿ ಹಲಸಿನ ಬೀಜದಷ್ಟು ದಪ್ಪಗೆ ಎದ್ದು ಕಾಣುತ್ತಿತ್ತು. ಕೂಗುವ ಮೊದಲು ಅದು ಒಮ್ಮೆ ಮೇಲಕ್ಕೆ ಸರಿದು, ಅರೆಕ್ಷಣ ನಿಂತು, ಕೆಳಕ್ಕಿಳಿಯುವುದು. ಇಳಿದೊಡನೆ ಹೊರಡುವ ಧ್ವನಿ ಕಾಫಿ ಒಣಗಿಸುವ ಕಣವನ್ನು ದಾಟಿ, ಕೆಳಗಿನ ಹಳ್ಳವನ್ನು ದಾಟಿ, ಏಲಕ್ಕಿ ಮಲೆಯ ಅಂಚಿನವರೆಗೆ ಮುಟ್ಟುವುದು. ವನಗೂರಿನ ಮೇಲಿನ ಒಂದು ಎಸ್ಟೇಟಿನಲ್ಲಿ ಅವರು ರೈಟರ್ ಆಗಿದ್ದರು; ಎಂದರೆ, ಕೆಲಸಗಾರರ ಹೆಸರು ಕೂಗಿ ಹಾಜರಿ ಬರೆಯುವವರು. ಬೇರೆ ತೋಟಗಳಲ್ಲಿ ಬೆಳಿಗ್ಗೆ ಮಾತ್ರ ಹಾಜರಿ. ಇವರು ಸಂಜೆಯೂ ಕರೆಯುತ್ತಿದ್ದರು. ಆನೆಗಳು ಓಡಾಡುವ ಸೀಮೆ ಇದು.

“ಬೆಳಿಗ್ಗೆ ಕರೆಯೋದು ಯಜಮಾನ್ರಿಗೋಸ್ಕರ ಪಂಡಿತ್ರೇ, ಸಂಜೆ ಕರೆಯೋದು ಅವರ ಮನೆಯೋರಿಗೋಸ್ಕರ,” ಎಂದಿದ್ದರು ಒಮ್ಮೆ ನನಗೆ.

ಅವರ ಹಾಜರಿಯಲ್ಲಿ ಮೂರು ಬಗೆಯ ಉತ್ತರಗಳಿದ್ದವು. ಇದ್ದವರು ‘ಹಾಜರು’. ಬಾರದವರು ‘ಗೈರು’. ಯಜಮಾನರಿಗೆ ದೋಣಿಗಲ್ಲಿನ ಬಳಿ ಇನ್ನೊಂದು ತೋಟವಿತ್ತು, ಅಲ್ಲಿಗೆ ಕಳುಹಿಸಲ್ಪಟ್ಟವರ ಹೆಸರನ್ನೂ ಇಲ್ಲಿ ಬಿಡದೆ ಕೂಗುವರು, ಆಗ ಜೊತೆಯವರು ಯಾರಾದರೂ “ಹೊರಗೆಲಸ!” ಎನ್ನಬೇಕು. ಕಣ್ಣೆದುರು ಇಲ್ಲ, ಆದರೆ ತಪ್ಪಿಸಿಕೊಂಡೂ ಇಲ್ಲ. ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ ಎಂದು ಅದರ ಅರ್ಥ.

ನಾನು ಶಾಲೆಯಲ್ಲಿ ಕನ್ನಡ, ಸಂಸ್ಕೃತ ಕಲಿಸಿ ನಿವೃತ್ತನಾದವನು. ಶ್ರಾವಣದಲ್ಲಿ ನಮ್ಮೂರ ದೇವಸ್ಥಾನದ ಜಗಲಿಯಲ್ಲಿ ಗಮಕ ನಡೆಯುತ್ತದೆ. ಒಬ್ಬರು ಪದ್ಯವನ್ನು ರಾಗವಾಗಿ ಓದಿದರೆ ನಾನು ಅದರ ಅರ್ಥವನ್ನು ಬಿಡಿಸಿ ಹೇಳುತ್ತೇನೆ. ಒಂದು ಸಂಜೆ, ಬ್ರಹ್ಮಲೋಕಕ್ಕೆ ಹೋದ ಅರಸನೊಬ್ಬನ ಪ್ರಸಂಗ. ಅಲ್ಲೊಂದು ಹಾಡು ಮುಗಿಯುವವರೆಗೆ ಕಾದು ಹಿಂದಿರುಗಿದರೆ, ಭೂಮಿಯಲ್ಲಿ ಯುಗಗಳೇ ಕಳೆದುಹೋಗಿದ್ದವು. ಕಾಲಮಹಿಮೆಯನ್ನು ವಿಸ್ತರಿಸಿ ಮುಗಿಸಿದಾಗ, ಕೊನೆಯ ಸಾಲಿನಿಂದ ಆ ಗಂಟಲಮಣಿ ಎದ್ದುಬಂದು ನನ್ನೆದುರು ಕುಳಿತಿತು.

“ಪಂಡಿತ್ರೇ, ಆ ರಾಜ ವಾಪಸ್ ಬಂದಾಗ ಅವನ ಕಡೆಯೋರು ಒಬ್ಬರೂ ಇಲ್ಲ. ಸರಿ. ಅವತ್ತು ಮಧ್ಯಾಹ್ನ ಅವನಿಗೆ ಊಟ ಹಾಕಿದೋರು ಯಾರು?”

ನಲವತ್ತು ವರ್ಷ ಆ ಪ್ರಸಂಗವನ್ನು ಹೇಳಿದ್ದ ನಾನು ಪುಸ್ತಕದ ಆ ಪುಟವನ್ನು ಮತ್ತೆ ತೆರೆದು ನೋಡಿದೆ.

“ನಮ್ಮ ಸಿನಿಮಾದೋರೂ ಹಿಂಗೇ ಕಣ್ರೀ, ಇದೊಂದು ಹೇಳೋದೇ ಇಲ್ಲ,” ಎಂದು ನಕ್ಕರು.

ಅವರ ‘ನಮ್ಮ ಸಿನಿಮಾದವರು’ ಎಂದರೆ ಆಕಾಶನೌಕೆ, ಅನ್ಯಗ್ರಹ, ಮಾತಾಡುವ ಯಂತ್ರ, ಮುಂದೆ ಬರಲಿರುವ ಕಾಲ ಇವುಗಳನ್ನು ಕುರಿತು ಚಿತ್ರ ತೆಗೆಯುವವರು. ಆ ಬಗೆಯ ಚಿತ್ರಗಳನ್ನೂ ಧಾರಾವಾಹಿಗಳನ್ನೂ ಅವರು ನೋಡದೆ ಬಿಟ್ಟದ್ದಿಲ್ಲ. ಇಂಗ್ಲಿಷು ಪೂರ್ತಿ ಅರ್ಥವಾಗದಿದ್ದರೆ ಎರಡನೆಯ ಸಲ, ಮೂರನೆಯ ಸಲ. ಕಾಫಿ ಮೂಟೆ ಇಡುವ ಸ್ಟೋರಿನ ಪಕ್ಕದ ಅವರ ಕ್ವಾರ್ಟರ್ಸಿನಲ್ಲಿ, ಬೆಲ್ಲದ ಕಾಫಿ ಕುಡಿಯುತ್ತಾ, ಆ ವಿಷಯದಲ್ಲಿ ಅವರ ತೀರ್ಪುಗಳನ್ನು ನಾನು ಎಷ್ಟೋ ಭಾನುವಾರ ಕೇಳಿದ್ದೇನೆ.

ಅವರ ಪ್ರಕಾರ, ಹೊರಟವರೆಷ್ಟು ಹಿಂದಿರುಗಿದವರೆಷ್ಟು ಎಂದು ತೋರಿಸದ ಚಿತ್ರ ಚಿತ್ರವೇ ಅಲ್ಲ. “ಇಪ್ಪತ್ತು ಜನ ಹತ್ತಿದ್ರು, ನಾಯಕ ನಾಯಕಿ ಇಳಿದ್ರು. ಮಿಕ್ಕೋರು ಏನಾದ್ರು ಮಾರಾಯ್ರೇ? ಒಬ್ಬ ಕೇಳ್ಲಿಲ್ಲ!” ಎಂದು, ತಮ್ಮ ತೋಟದವರೇ ಕಾಣೆಯಾದಂತೆ ಕನಲುತ್ತಿದ್ದರು. ನೌಕೆಯಲ್ಲಿ ಕಸ ಗುಡಿಸುವವರು ಕಾಣಿಸಿದರೆ ಆ ಧಾರಾವಾಹಿಗೆ ಒಂದು ಮೆಟ್ಟಿಲು ಮೇಲಿನ ಸ್ಥಾನ. ನೌಕೆಗಳು ಸಿಡಿಯುವಾಗ ಟಿ.ವಿ.ಯ ಸದ್ದನ್ನು ಪೂರ್ತಿ ಇಳಿಸಿಬಿಡುವರು: “ಅಲ್ಲಿ ಗಾಳಿಯೇ ಇಲ್ಲ, ಢಂ ಅಂತ ಕೇಳೋದು ಯಾರಿಗೆ?” ಕೋಟಿಗಟ್ಟಲೆ ಸುರಿದು ಮಾಡಿದ ಹೊಸ ಚಿತ್ರಗಳಿಗಿಂತ, ರಟ್ಟಿನ ಗೋಡೆ ಕಟ್ಟಿ ತೆಗೆದ ಹಳೆಯ ಧಾರಾವಾಹಿಗಳ ಮೇಲೆ ಅವರಿಗೆ ಪ್ರೀತಿ ಹೆಚ್ಚು. “ಬಾಗಿಲು ಹಾಕಿದ್ರೆ ಗೋಡೆ ಅಲ್ಲಾಡ್ತೈತೆ, ನಿಜ. ಆದ್ರೆ ಮಾತು ಅಲ್ಲಾಡಲ್ಲ ನೋಡಿ.” ಸಿನಿಮಾ ಎಂದರೆ ಘಾಟಿ ಇಳಿದಂತೆ, ಒಮ್ಮೆ ಇಳಿದರೆ ಮುಗಿಯಿತು; ಧಾರಾವಾಹಿ ತೋಟದ ಹಾಗೆ, ಒಳಗೇ ಬದುಕಬೇಕು ಎನ್ನುತ್ತಿದ್ದರು.

ಅನ್ಯಲೋಕದ ಜೀವಿಗಳ ವಿಷಯದಲ್ಲಿ ಅವರ ಮಾತನ್ನು ನಾನು ಮರೆಯಲಾರೆ. ಭೂಮಿಯನ್ನು ಗೆಲ್ಲಲು ಬರುವ ಜೀವಿಗಳ ಕಥೆ ಅವರಿಗೆ ಬೇಸರ. “ಆನೆ ತರ ಇರಬೇಕು ಪಂಡಿತ್ರೇ. ತೋಟಕ್ಕೆ ಬರ್ತೈತೆ, ಬೇಲಿ ಮುರೀತೈತೆ, ನಮಗೆ ಜೀವ ಬಾಯಿಗೆ ಬರ್ತೈತೆ. ಆದ್ರೆ ಅದಕ್ಕೆ ನಮ್ಮ ಮೇಲೆ ಹಗೆ ಇಲ್ಲ. ಅದರ ಮನಸ್ಸಲ್ಲಿ ಏನೈತೆ ಅಂತ ನಮಗೆ ಗೊತ್ತಾಗಲ್ಲ. ಅಂಥ ಜೀವಿ ತೋರಿಸಿದೋನೇ ದೊಡ್ಡ ಡೈರೆಕ್ಟರು.”

ಒಂದು ವಿಷಯದಲ್ಲಿ ಮಾತ್ರ ನಮಗಿಬ್ಬರಿಗೂ ಚಕಮಕಿ. ಯಾವ ನೌಕೆಯನ್ನು ಕಂಡರೂ ನನ್ನ ಬಾಯಿಂದ, “ಇದು ನಮ್ಮ ಪುರಾಣಗಳಲ್ಲಿ ಆಗಲೇ ಇದೆ,” ಎಂಬ ಮಾತು ಬಂದುಬಿಡುತ್ತಿತ್ತು. ಅವರು ಕೈಮುಗಿಯುವರು. “ಅದೊಂದು ಬುಟ್ಟು ಏನು ಬೇಕಾದ್ರೂ ಹೇಳಿ. ಆಗಲೇ ಐತೆ ಅಂದ್ಬುಟ್ರೆ ಕೇಳೋ ಮಗು ಅಲ್ಲಿಗೇ ಎದ್ದು ಹೋಗ್ಬುಡ್ತೈತೆ. ‘ಮುಂದೇನು’ ಅನ್ನೋ ಆಸೆ ಉಳೀಬೇಕು. ನಿಮ್ಮ ಪುರಾಣ ಕೇಳೋಕೂ ಅದೇ ಆಸೆ ತಾನೇ ಬೇಕು?” ನಾನು ಒಪ್ಪಲಿಲ್ಲ. ಆದರೆ ಆ ಪ್ರಶ್ನೆ ಮನಸ್ಸಿನೊಳಗೆ ಉಳಿಯಿತು.

ವರ್ಷಕ್ಕೊಮ್ಮೆ, ಕಾಫಿ ಕೊಯ್ಲು ಮುಗಿದ ಮರುದಿನ, ಅವರದೊಂದು ಉತ್ಸವ. ಕಣವನ್ನು ಗುಡಿಸಿ, ಸ್ಟೋರಿನ ಸುಣ್ಣದ ಗೋಡೆಯ ಮೇಲೆ ಒಂದು ಚಿತ್ರ ತೋರಿಸುವುದು. ಯಜಮಾನರು ಪ್ರೊಜೆಕ್ಟರ್ ಕೊಡುತ್ತಿದ್ದರು. ಕೆಲಸಗಾರರ ಸಾಲುಮನೆಗಳಾದ ಲೈನ್ ಮನೆಗಳವರು, ಅಕ್ಕಪಕ್ಕದ ಸಣ್ಣ ತೋಟದವರು, ಕೆ. ಹೊಸಕೋಟೆಯ ಕಡೆಯಿಂದ ಜೀಪು ಹತ್ತಿ ಬಂದ ನೆಂಟರು, ಎಲ್ಲರೂ ಚಾಪೆ ಹಾಸಿಕೊಂಡು ಕೂರುವರು. ಚಿತ್ರದ ಸದ್ದನ್ನು ತಗ್ಗಿಸಿ, ಅಲ್ಲಲ್ಲಿ ನಿಲ್ಲಿಸಿ, ರೈಟರು ತಮ್ಮ ಕಂಠದಲ್ಲಿ ಕನ್ನಡದಲ್ಲಿ ಕಥೆ ಬಿಡಿಸುವರು. ನನ್ನ ಗಮಕದಿಂದಲೇ ಆ ಕ್ರಮ ಕಲಿತೆನೆಂದು ಹೇಳುತ್ತಿದ್ದರು. ಪಾತ್ರಗಳ ಹೆಸರು ಯಾರ ನಾಲಿಗೆಗೂ ಹೊರಳದ್ದರಿಂದ ಕ್ಯಾಪ್ಟನ್ನನಿಗೆ ಮೇಸ್ತ್ರಿಯೆಂದೇ ಹೆಸರು. ಮುಗಿದ ಮೇಲೆ ಹಾಜರಿ ಪುಸ್ತಕ ತೆರೆದು ನೌಕೆಯಲ್ಲಿ ಹೊರಟವರನ್ನೆಲ್ಲ ಒಬ್ಬೊಬ್ಬರಾಗಿ ಕೂಗುವರು. ಬದುಕಿ ಬಂದವರ ಪರವಾಗಿ ಇಡೀ ಕಣ “ಹಾಜರು!” ಎನ್ನುವುದು.

ಆ ಕಂಠಕ್ಕೇ ರೋಗ ಬಂತು. ಹಾಸನದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಪ್ರಾಣ ಉಳಿಯಿತು, ಧ್ವನಿ ಉಳಿಯಲಿಲ್ಲ. ಹಾಜರಿಯನ್ನು ತೋಟದ ಮೇಸ್ತ್ರಿ ಕೂಗತೊಡಗಿದ. ಇವರು ಪಕ್ಕದಲ್ಲಿ ಕುಳಿತು ಗುರುತು ಹಾಕುತ್ತಿದ್ದರು. ಅದನ್ನು ಅವರು ಸಹಿಸಿಕೊಂಡರು. ಆದರೆ ಕೊಯ್ಲು ಮುಗಿಯುತ್ತ ಬಂದಂತೆ ಅವರ ಮುಖ ಇಳಿಯುತ್ತ ಹೋಯಿತು. ಒಂದು ಭಾನುವಾರ ನನ್ನ ಮನೆಗೆ ಬಂದು, ಸ್ಲೇಟಿನ ಮೇಲೆ ಬರೆದು ತೋರಿಸಿದರು: ‘ಈ ಸಲ ನೀವು ಹೇಳಬೇಕು. ಇಲ್ಲದಿದ್ದರೆ ಇದು ನನ್ನ ಜೊತೆಗೇ ನಿಂತುಹೋಗುತ್ತದೆ.’

ನಾನು ಗಾಬರಿಗೊಂಡೆ. “ನನಗೆ ರಾಕೆಟ್ಟು ಗೊತ್ತೇ, ಗ್ರಹ ಗೊತ್ತೇ? ನಗೆಪಾಟಲಾಗುತ್ತದೆ.”

ಅವರು ಒರೆಸಿ ಮತ್ತೆ ಬರೆದರು: ‘ಕೇಳುವವರು ಗೊತ್ತಲ್ಲ. ಸಾಕು.’

ಆ ವರ್ಷಕ್ಕೆಂದು ಅವರು ಆರಿಸಿದ್ದ ಚಿತ್ರವನ್ನು ಅವರ ಕ್ವಾರ್ಟರ್ಸಿನಲ್ಲಿ ನಾಲ್ಕು ಸಲ ನೋಡಿದೆ. ಆರು ಮಂದಿ ದೂರದ ಗ್ರಹವೊಂದಕ್ಕೆ ಹೊರಡುತ್ತಾರೆ: ಮೇಸ್ತ್ರಿ, ಡ್ರೈವರ್, ಡಾಕ್ಟರ್, ರಿಪೇರಿಯವನು, ಒಂದು ಮಾತಾಡುವ ಯಂತ್ರ, ಮತ್ತು ತಟ್ಟೆಗಳಲ್ಲಿ ಸಸಿ ಬೆಳೆಸುವ ಒಬ್ಬ ಮುದುಕಿ. ಯಂತ್ರವನ್ನೂ ಲೆಕ್ಕಕ್ಕೆ ಸೇರಿಸಬೇಕೇ ಎಂದು ಕೇಳಿದ್ದಕ್ಕೆ, ‘ದುಡಿದಿದೆ, ಹಾಜರಿ ಕೊಡಿ,’ ಎಂದು ಬರೆದರು. ಒಪ್ಪಂದವೊಂದಾಯಿತು. ಕೆಲಸ ಬಿಡುವ ಹೊತ್ತಿಗೆ ಬಡಿಯಲೆಂದು ಸ್ಟೋರಿನ ಮುಂದೆ ರೈಲುಕಂಬಿಯ ತುಂಡೊಂದನ್ನು ತೂಗುಹಾಕಿದ್ದರು. ಅದರ ಪಕ್ಕದಲ್ಲಿ ಅವರು ಕೂರುವುದು; ನಾನು ತಪ್ಪಿದರೆ ಒಮ್ಮೆ ಬಡಿಯುವುದು.

ಆ ಸಂಜೆ ಕಣ ತುಂಬಿತ್ತು. ಇಷ್ಟದೈವವನ್ನು ನೆನೆದು ಶುರುಮಾಡಿದೆ. ಮೊದಲ ಅರ್ಧ ಗಂಟೆ ಸುಗಮವಾಗಿ ಸಾಗಿತು. ಜನ ನಕ್ಕರು, ನಿಟ್ಟುಸಿರುಬಿಟ್ಟರು. ನನಗೆ ಧೈರ್ಯ ಬಂತು. ಧೈರ್ಯ ಹೆಚ್ಚಾಯಿತು. ನೌಕೆ ಮೋಡ ಸೀಳಿ ಮೇಲೇರುವುದನ್ನು ಕಂಡು, ಮೈಮರೆತು, “ಇಂಥ ವಿಮಾನಗಳು ನಮ್ಮ ಪುರಾಣಗಳಲ್ಲಿ ಆಗಲೇ...” ಎಂದೆ.

ಠಣ್!

ಮರುಕ್ಷಣ ನಡೆದದ್ದನ್ನು ನಾನಾಗಲಿ ಅವರಾಗಲಿ ಯೋಚಿಸಿಯೇ ಇರಲಿಲ್ಲ. ಕಂಬಿಯ ಸದ್ದು ಕೇಳಿದೊಡನೆ, ಇಷ್ಟು ವರ್ಷಗಳ ಅಭ್ಯಾಸದಿಂದ, ಇಡೀ ಕಣ ಎದ್ದು ನಿಂತಿತು. ಹೆಂಗಸರು ಚಾಪೆ ಸುತ್ತತೊಡಗಿದರು. ನಾಲ್ಕು ಮಂದಿ ಆಗಲೇ ಲೈನಿನ ದಾರಿ ಹಿಡಿದಿದ್ದರು.

“ಅಯ್ನೋರೇ, ಗಂಟೆ ಆತು! ಅವರನ್ನ ಆಕಾಶದಲ್ಲೇ ಬುಟ್ಟು ಮನೆಗೋಗೋದಾ?” ಎಂದು ಕೂಗಿದವಳು ತೋಟದ ನರ್ಸರಿಯಲ್ಲಿ ಕಾಫಿ ಸಸಿ ನೋಡಿಕೊಳ್ಳುವ ಅಜ್ಜಿ.

ರೈಟರು ಎರಡೂ ಕೈಯೆತ್ತಿ ಕೂರಿರೆಂದು ಸನ್ನೆ ಮಾಡುತ್ತಿದ್ದರು. ಧ್ವನಿಯಿಲ್ಲದ ನಗೆಗೆ ಅವರ ಭುಜಗಳು ಕುಣಿಯುತ್ತಿದ್ದವು. “ತಪ್ಪು ನನ್ನದು, ಕೂತ್ಕೊಳ್ಳಿ. ಇಂಥ ವಿಮಾನವನ್ನು ನಾನು ಹಿಂದೆಂದೂ ಕಂಡಿಲ್ಲ,” ಎಂದೆ. ಹೇಳಿದ ಮೇಲೆ ಅದು ನಿಜವೆಂದು ತಿಳಿಯಿತು. ಹಿಂದೆಂದೂ ಕಾಣದುದನ್ನು ಕಾಣುವವನಂತೆ ಗೋಡೆಯತ್ತ ತಿರುಗಿದೆ. ಅಲ್ಲಿಂದಾಚೆಗೆ ಕಂಬಿ ಬಡಿಯಲಿಲ್ಲ.

ಚಿತ್ರದ ಕೊನೆಯಲ್ಲಿ ಮುದುಕಿಯ ಸಸಿಗಳು ಆ ಗ್ರಹದ ಮಣ್ಣಿನಲ್ಲಿ ಬೇರು ಬಿಡುತ್ತವೆ. ಅವುಗಳನ್ನು ಬಿಟ್ಟು ಬರಲಾರದೆ ಅವಳು ಅಲ್ಲೇ ಉಳಿಯುತ್ತಾಳೆ. ಉಳಿದ ಐವರು ಮರಳುತ್ತಾರೆ. ನಾನು ಪುಸ್ತಕ ತೆರೆದು ಹಾಜರಿ ಕರೆದೆ. ಐದು ಸಲ ಕಣ “ಹಾಜರು!” ಎಂದಿತು. “ಸಸಿ ನೋಡುವಾಕೆ,” ಎಂದೆ.

“ಗೈರು!” ಎಂದರು ಮುಂದಿನ ಸಾಲಿನ ಹುಡುಗಿಯರು.

“ಯಾವಳೇ ಅವಳು ಗೈರು ಅನ್ನೋಳು?” ನರ್ಸರಿಯ ಅಜ್ಜಿ ಎದ್ದೇ ಬಿಟ್ಟಳು. “ಅಲ್ಲಿ ಬಗ್ಗಿ ಸಸಿಗೆ ನೀರು ಹಾಕ್ತಾವ್ಳೆ, ನಿಮ್ಮ ಕಣ್ಣಿಗೆ ಕಾಣಕ್ಕಿಲ್ವಾ? ಹಾಜರಿ ಹಾಕಿ ಅಯ್ನೋರೇ!”

“ಬಂದೇ ಇಲ್ವಲ್ಲ ಅಜ್ಜಿ!”

ಕಣ ಎರಡಾಯಿತು. ನಾನು ಪೆನ್ಸಿಲ್ ಹಿಡಿದು ನಿಂತೆ. ಆಗ ರೈಟರು ನಿಧಾನವಾಗಿ ಎದ್ದುಬಂದು, ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಆ ಹೆಸರಿನ ಮುಂದೆ ಒಂದು ಪದ ಬರೆದರು. ನಾನು ಗಟ್ಟಿಯಾಗಿ ಓದಿದೆ: “ಹೊರಗೆಲಸ.”

“ಹಾಂ, ಅದು ನ್ಯಾಯ,” ಎಂದು ಅಜ್ಜಿ ಕೂತಳು.

ಅದೇ ವರ್ಷ ಮಳೆ ಮುಗಿಯುವ ಮುನ್ನ ರೋಗ ಮತ್ತೆ ಮರಳಿತು. ನೋವು ಹೆಚ್ಚಿರಲಿಲ್ಲವೆಂದು ಅವರ ಪತ್ನಿ ಹೇಳಿದರು, ಅದು ದೈವಕೃಪೆ. ತೀರಿಹೋಗುವ ಮುನ್ನ ನನಗೆಂದು ಒಂದು ಹಾಳೆ ಇಟ್ಟಿದ್ದರು. ಹನ್ನೊಂದು ಚಿತ್ರಗಳ ಪಟ್ಟಿ, ಪ್ರತಿಯೊಂದರ ಮುಂದೆ ಒಂದೊಂದು ಷರಾ. ‘ಮೊದಲರ್ಧ ಸಾಕು.’ ‘ಹೊಡೆದಾಟ ಜಾಸ್ತಿ, ಮಕ್ಕಳಿಗೆ ಇಷ್ಟ, ಹಾಕಿ.’ ಕೊನೆಯದರ ಮುಂದೆ: ‘ನನಗೆ ಅರ್ಥವಾಗಿಲ್ಲ. ಬಹಳ ಚೆನ್ನಾಗಿದೆ.’ ಹನ್ನೊಂದು ವರ್ಷ ನಾನಿರುತ್ತೇನೆಯೇ ಎಂದು ಅವರು ಯೋಚಿಸಿದಂತೆ ಕಾಣಲಿಲ್ಲ. ನಾನೂ ಈಗ ಯೋಚಿಸುವುದನ್ನು ಬಿಟ್ಟಿದ್ದೇನೆ.

ಈ ಸಲದ ಕೊಯ್ಲು ಮುಗಿದ ಮರುದಿನ ಪಟ್ಟಿಯ ಮೊದಲ ಚಿತ್ರವನ್ನು ತೋರಿಸಿದೆವು. ಕಂಬಿಯ ಪಕ್ಕದ ಕುರ್ಚಿ ಖಾಲಿ. ತಪ್ಪು ಹೇಳಿದೆನೋ ಏನೋ, ತಿದ್ದುವವರಿರಲಿಲ್ಲ. ಹಾಜರಿ ಮುಗಿಸಿ ಪುಸ್ತಕ ಮುಚ್ಚಿದೆ.

“ಅಯ್ನೋರೇ,” ಎಂದಳು ನರ್ಸರಿಯ ಅಜ್ಜಿ, “ಒಂದು ಹೆಸರು ಬುಟ್ಬುಟ್ರಿ.”

ಪುಸ್ತಕವನ್ನು ಮತ್ತೆ ತೆರೆದೆ. ಅವರಂತೆಯೇ ಅರೆಕ್ಷಣ ನಿಂತು ಕೂಗಿದೆ. “ರೈಟರ್!”

“ಹೊರಗೆಲಸ!” ಎಂದಿತು ಇಡೀ ಕಣ, ಹಳ್ಳದಾಚೆಗೆ ಕೇಳುವಷ್ಟು ಗಟ್ಟಿಯಾಗಿ.

ಕಣ ಗುಡಿಸಿದ ಕೈಗಳಿಗೆ, ಚಾಪೆ ಹಾಸಿ ಕುಳಿತ ಹಿರಿಯರಿಗೆ, ಗೈರೆಂದು ಕೂಗಿದ ಹುಡುಗಿಯರಿಗೆ, ನ್ಯಾಯ ಕೇಳಿದ ಅಜ್ಜಿಗೆ, ಗೋಡೆಯನ್ನೂ ಬೆಳಕನ್ನೂ ಕೊಟ್ಟ ಯಜಮಾನರಿಗೆ, ಎಲ್ಲೋ ದೂರದೇಶದಲ್ಲಿ ರಟ್ಟಿನ ಗೋಡೆ ಕಟ್ಟಿ ನಕ್ಷತ್ರಗಳನ್ನು ತೋರಿಸಿದ ಆ ಕಾಣದ ಕಲಾವಿದರಿಗೆ, ಎಲ್ಲರಿಗೂ ಒಳಿತಾಗಲಿ. ಬೆಳಿಗ್ಗೆ ಹೊರಟವರೆಲ್ಲರ ಹೆಸರನ್ನೂ ಸಂಜೆ ಕರೆಯುವವರೊಬ್ಬರು ಇರಲಿ.