ದಾಕ್ಷಾಯಣಿಯ ರೊಟ್ಟಿ ಯಂತ್ರ

ಮತ್ತಿಕೆರೆಯ ನಮ್ಮ ಮನೆಯ ಮಹಡಿ ರೂಮಿನಲ್ಲಿ ಬಾಡಿಗೆಗಿರುವ ದಾಕ್ಷಾಯಣಿ ಬಾಗಲಕೋಟೆ ಕಡೆಯವಳು. ಜೋಳದ ರೊಟ್ಟಿ ಬಡಿದು ಹಾಸ್ಟೆಲ್‌ಗಳಿಗೆ ಕೊಡುತ್ತಿದ್ದಳು. ಬಡಿದೂ ಬಡಿದೂ ಬಲಗೈ ಸೋತಿತು. ಕೈ ಹೋದರೆ ಅನ್ನ ಹೋದಂತೆ. ಯಶವಂತಪುರದಲ್ಲಿ ಲೇತ್ ಅಂಗಡಿ ಇಟ್ಟಿರುವ ರಿಯಾಜ್ ಜೊತೆ ಕೂತು, ರೊಟ್ಟಿ ಬಡಿಯುವ ಯಂತ್ರ ಮಾಡಿಯೇಬಿಟ್ಟಳು. ಪೇಟೆಯ ಯಂತ್ರಗಳಂತೆ ಒತ್ತಿದರೆ ಜೋಳದ ರೊಟ್ಟಿಯ ಅಂಚು ಸೀಳುತ್ತದೆ. ಇವಳದು ಒತ್ತುವುದಿಲ್ಲ, ಹಿಟ್ಟನ್ನು ತಿರುಗಿಸುತ್ತಾ ಅಂಗೈಯಂತೆ ಬಡಿಯುತ್ತದೆ.

ಹೊಸ ಯಂತ್ರಕ್ಕೆ ಪೂಜೆ ಮಾಡದೆ ಇರುತ್ತಾರೆಯೇ? ಆಯುಧಪೂಜೆಯ ದಿನ ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ರಿಯಾಜ್ ಅಂಗಡಿಯ ಶಟರ್ ಪೂರ್ತಿ ಎತ್ತಿದರು. ಬೀದಿಗೆಲ್ಲ ಬಿಸಿ ರೊಟ್ಟಿ, ಎಣ್ಣೆಗಾಯಿ. ಹೇಗೆ ತಿರುಗುತ್ತದೆ ಎಂದು ಕೇಳಿದವರಿಗೆಲ್ಲ ಒಳಗನ್ನೂ ಬಿಚ್ಚಿ ತೋರಿಸಿದಳು. ರಿಯಾಜ್ ಅದನ್ನು ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಿದ.

ಅದನ್ನು ನೋಡಿಯೇ ಯಲಹಂಕದ ಒಂದು ತಿಂಡಿ ಕಂಪನಿಯವರು ಬಂದರು. ‘ಪೇಟೆಂಟ್ ಮಾಡ್ಸಿ ಮೇಡಂ. ಬೇರೆಯವ್ರು ಮಾಡದಂಗೆ ತಡೀಬಹುದು. ನಿಮ್ಗೂ ಪಾಲು ಕೊಡ್ತೀವಿ’ ಎಂದರು. ಅವಳು ವಕೀಲರ ಹತ್ತಿರ ಹೋದಳು. ಅವರೂ ಅದೇ ವಿಡಿಯೊ ನೋಡಿದರು.

‘ಅರ್ಜಿ ಹಾಕೋಕ್ ಮುಂಚೆ ಊರಿಗೆಲ್ಲ ತೋರ್ಸಿಬಿಟ್ಟಿದ್ದೀರಲ್ಲಮ್ಮ. ಇನ್ನು ಇದು ಹೊಸದು ಅಂತ ಲೆಕ್ಕಕ್ಕೆ ಬರಲ್ಲ. ಯಾರ್ ಬೇಕಾದ್ರೂ ಮಾಡ್ಕೋಬಹುದು.’

ಯಾವ ಸೀಮೆಯ ಕಾನೂನೋ ಇದು! ನಮ್ಮಲ್ಲಿ ನಾಲ್ಕು ಜನಕ್ಕೆ ತೋರಿಸಿದರೆ ತಾನೇ ನಮ್ಮದಾಗುವುದು? ಕಾನೂನಿನಲ್ಲಿ ಬಚ್ಚಿಟ್ಟವನೇ ಜಾಣ. ನಾನು ಬಾಯಿಗೆ ಬಂದಂತೆ ಬೈದೆ. ಅವಳು ಮಾತ್ರ ಗೋಡೆ ನೋಡುತ್ತಾ ಕೂತಿದ್ದಳು.

‘ಒಂದ್ಸಲ ಅತ್ತುಬಿಡೇ’ ಎಂದೆ.

‘ಅಳು ಬರವಲ್ದು ನೋಡ್ರಿ ಅಕ್ಕಾ.’

ಕಂಪನಿಯವರು ಮತ್ತೆ ಫೋನ್ ಎತ್ತಲಿಲ್ಲ. ಪೇಟೆಂಟೇ ಇಲ್ಲವೆಂದ ಮೇಲೆ ಪಾಲು ಏಕೆ? ತಾವೇ ಅಂಥ ಯಂತ್ರಗಳನ್ನು ಸಾಲಾಗಿ ಮಾಡಿಸಿ ನಿಲ್ಲಿಸಿದರು. ಅವರ ಪ್ಯಾಕೆಟ್ ರೊಟ್ಟಿ ಅಗ್ಗ. ಹಾಸ್ಟೆಲ್‌ಗಳು ಒಂದೊಂದಾಗಿ ಇವಳನ್ನು ಬಿಟ್ಟವು. ಕೊನೆಗೆ ಅದೇ ಕಂಪನಿಗೆ ಕೆಲಸಕ್ಕೆ ಸೇರಿದಳು. ನನಗೆ ಹೇಳಿದ್ದು ಸೇರಿದ ಮೇಲೆ.

ಮೊದಲ ದಿನವೇ ಅವಳ ಚುರುಕು ನೋಡಿ ಸೂಪರ್‌ವೈಸರ್, ‘ಈ ಮೆಷಿನ್ ಮುಂಚೆ ನೋಡಿದ್ರೇನಮ್ಮ?’ ಎಂದು ಕೇಳಿದನಂತೆ. ‘ನೋಡೀನ್ರಿ’ ಎಂದಳಂತೆ.

ನನಗೆ ತಡೆಯಲಾಗಲಿಲ್ಲ. ‘ನಂದೇ ಅಂತ ಮುಖಕ್ಕೆ ಹೊಡ್ದಂಗೆ ಹೇಳ್ಬಾರ್ದಿತ್ತೇನೇ?’

ಅವಳು ಚಪ್ಪಲಿ ಮೆಟ್ಟುತ್ತಿದ್ದಳು, ಕಂಪನಿ ಬಸ್ಸಿಗೆ ಹೊತ್ತಾಗಿತ್ತು.

‘ಈಗ ನಂದು ಅಂದ್ರ ಸುಳ್ಳ ಆಕ್ಕೈತಲ್ರಿ ಅಕ್ಕಾ’ ಎಂದು ಇಳಿದು ಹೋದಳು.